ಬಿಸಿಲಿನ ಲೆಕ್ಕವಿಡುವ ಚೀಟಿ

ಹಾಲು ಕೆಟ್ಟರೆ ಒಡೆದು ತೋರಿಸುತ್ತದೆ. ಮೀನು ಕೆಟ್ಟರೆ ಅಂಗಡಿಯ ಬಾಗಿಲಿನಲ್ಲಿಯೇ ಮೂಗಿಗೆ ವರದಿ ಮುಟ್ಟುತ್ತದೆ. ಅನ್ನ ಹಳಸಿದರೆ ಗೃಹಿಣಿಯ ಬೆರಳಿಗೆ ತಿಳಿಯುತ್ತದೆ. ಆದರೆ ಕೂಸಿನ ಬಾಯಿಗೆ ಎರಡು ಹನಿ ಹಾಕುವ ಪೋಲಿಯೋ ಲಸಿಕೆ ಕೆಟ್ಟರೆ ಯಾರಿಗೆ ತಿಳಿಯಬೇಕು? ಅದಕ್ಕೆ ವಾಸನೆಯಿಲ್ಲ. ಬಣ್ಣವು ಒಮ್ಮೆ ನಸುಗೆಂಪಾಗಿ, ಒಮ್ಮೆ ಹಳದಿಯಾಗಿ ಕಾಣುವುದುಂಟು. ಆದರೆ ಅದರಿಂದ ಒಳಗಿನ ಜೀವದ ಸುದ್ದಿ ಏನೂ ಹೊರಡದು. ಸತ್ತ ಲಸಿಕೆಯನ್ನೂ ಜೀವಂತ ಲಸಿಕೆಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಅವು ಅವಳಿ ಮಕ್ಕಳಂತೆ ತೋರುತ್ತವೆ. ತಾಯಿ ನಂಬಿಕೆಯಿಂದ ಮಗುವಿನ ಬಾಯಿ ತೆರೆಸುತ್ತಾಳೆ. ಹನಿ ಬೀಳುತ್ತದೆ. ಮಗುವಿನ ಕಿರುಬೆರಳಿಗೆ ಮಸಿಯ ಗುರುತು ಬೀಳುತ್ತದೆ. ಕಾಗದದ ಮೇಲೆ ಮಗುವಿಗೆ ರಕ್ಷಣೆ ದೊರೆತಂತಾಯಿತು. ಮೈಯಲ್ಲಿ ದೊರೆಯಿತೇ ಎಂಬುದು ಬೇರೆಯೇ ಮಾತು.

ಈ ಸಂದೇಹಕ್ಕೆ ಉತ್ತರ ಹೇಳುವ ಸಾಧನವೊಂದು ೧೯೯೬ರಿಂದ ಲಸಿಕೆಯ ಸೀಸೆಗಳ ಮೇಲೆ ಅಂಟಿಕೊಂಡು ಬರುತ್ತಿದೆ. ಅದು ಕಡಲೆಕಾಳಿನಷ್ಟು ಅಗಲದ ಒಂದು ಗುರುತು. ಕಡು ನೇರಳೆಯ ಒಂದು ವೃತ್ತ; ಅದರ ನಡುವೆ ತಿಳಿ ಬಣ್ಣದ ಒಂದು ಚೌಕ. ನೋಡಿದವರಿಗೆ ಅದು ಕಂಪೆನಿಯ ಮುದ್ರೆಯೆಂದೇ ತೋರೀತು. ಆದರೆ ಸೀಸೆಯು ಕಾರ್ಖಾನೆಯಿಂದ ಹೊರಟ ದಿನದಿಂದ ಎಷ್ಟು ಶಾಖವನ್ನು ಎಷ್ಟು ಹೊತ್ತು ಉಂಡಿತೆಂಬ ಲೆಕ್ಕವೆಲ್ಲ ಆ ಚೌಕದಲ್ಲಿ ಜಮೆಯಾಗುತ್ತಿರುತ್ತದೆ. ಇದರ ಹೆಸರು ವ್ಯಾಕ್ಸಿನ್ ವಯಲ್ ಮಾನಿಟರ್. ಆರೋಗ್ಯ ಇಲಾಖೆಯವರ ಬಾಯಲ್ಲಿ ಅದು ವಿ.ವಿ.ಎಂ. ಆಗಿದೆ.

ಸರಪಳಿಯ ದುರ್ಬಲ ಕೊಂಡಿ

ಪೋಲಿಯೋ ಹನಿಯಲ್ಲಿರುವುದು ಸತ್ತ ಪದಾರ್ಥವಲ್ಲ. ಆಲ್ಬರ್ಟ್ ಸೇಬಿನ್ ಎಂಬ ವೈದ್ಯವಿಜ್ಞಾನಿ ಪಳಗಿಸಿ ಸಾಧುಮಾಡಿದ ಜೀವಂತ ವೈರಸ್ಸು ಅದು. ಅದು ಮಗುವಿನ ಕರುಳಿನಲ್ಲಿ ಬೆಳೆದರೆ ಮಾತ್ರ ರಕ್ಷಣೆ. ಸಾಮಾನ್ಯವಾಗಿ ಮಕ್ಕಳಿಗೆ ಕೊಡುವ ಲಸಿಕೆಗಳಲ್ಲೆಲ್ಲ ಶಾಖಕ್ಕೆ ಇದರಷ್ಟು ಬೇಗ ಸೋಲುವುದು ಇನ್ನೊಂದಿಲ್ಲ. ಆದುದರಿಂದ ದೊಡ್ಡ ದಾಸ್ತಾನುಗಳಲ್ಲಿ ಇದನ್ನು ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಕೊರೆತದಲ್ಲಿಟ್ಟಿರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ೨ರಿಂದ ೮ ಡಿಗ್ರಿಯ ನಡುವೆ. ಅಲ್ಲಿಂದ ಹಳ್ಳಿಗೆ ಹೊರಡುವಾಗ ನಾಲ್ಕು ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಸೀಸೆಗಳನ್ನಿಟ್ಟು, ಭುಜಕ್ಕೆ ತೂಗುಹಾಕುವ ಪುಟ್ಟ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಕಾರ್ಖಾನೆಯಿಂದ ಕೂಸಿನ ಬಾಯಿಯವರೆಗಿನ ಈ ಏರ್ಪಾಡಿಗೆ ಶೀತಲ ಸರಪಳಿಯೆಂದು ಹೆಸರು.

ಸರಪಳಿಯೆಂದಮೇಲೆ ಎಲ್ಲಿಯೋ ಒಂದು ಕೊಂಡಿ ಸಡಿಲವಾಗಿರುವುದು ಸಹಜ. ಒಂದು ರಾತ್ರಿ ವಿದ್ಯುತ್ತು ಕೈಕೊಡುತ್ತದೆ. ಲಾರಿಯ ಚಾಲಕ ಊಟಕ್ಕೆಂದು ಬಿಸಿಲಿನಲ್ಲಿ ಗಾಡಿ ನಿಲ್ಲಿಸುತ್ತಾನೆ. ಯಾರೋ ಪುಣ್ಯಾತ್ಮರು ಮೊಬೈಲಿಗೆ ವಿದ್ಯುತ್ತು ತುಂಬಿಸಲು ಶೀತಕದ ಪ್ಲಗ್ಗನ್ನು ಕಿತ್ತಿಡುತ್ತಾರೆ. ಸಂಜೆಯ ಹೊತ್ತಿಗೆ ಎಲ್ಲವೂ ಮೊದಲಿನಂತೆ ತಂಪಾಗುತ್ತದೆ. ಉಷ್ಣಮಾಪಕವು ೫ ಡಿಗ್ರಿಯೆಂದು ಸಾಧುವಿನಂತೆ ಸಾಕ್ಷಿ ನುಡಿಯುತ್ತದೆ. ಮಧ್ಯಾಹ್ನದ ಅಪರಾಧ ಅದಕ್ಕೆ ನೆನಪಿಲ್ಲ.

ಚೀಟಿ ಬರುವುದಕ್ಕೆ ಮುಂಚೆ ಇಂತಹ ಸಂದರ್ಭದಲ್ಲಿ ವೈದ್ಯರ ಮುಂದಿದ್ದುದು ಸೀಸೆಯ ಮೇಲೆ ಅಚ್ಚಾದ ವಾಯಿದೆಯ ದಿನಾಂಕವೊಂದೇ. ದಿನಾಂಕವು ವಸ್ತುವಿನ ವಯಸ್ಸನ್ನು ಹೇಳಬಲ್ಲುದೇ ಹೊರತು ಅದು ಬಾಳಿದ ಬಾಳನ್ನು ಹೇಳಲಾರದು. ರಾಯಚೂರಿನ ಮೇ ತಿಂಗಳಲ್ಲಿ ಎರಡು ದಿನ ಮೇಜಿನ ಮೇಲೆ ಬಿದ್ದಿದ್ದ ಸೀಸೆಗೂ, ಕೊರೆಯುವ ಪೆಟ್ಟಿಗೆಯಿಂದ ಒಮ್ಮೆಯೂ ಹೊರಬರದ ಸೀಸೆಗೂ ಅದೇ ವಾಯಿದೆ. ಹೀಗಾಗಿ ಎರಡು ಬಗೆಯ ಅನ್ಯಾಯ ನಡೆಯುತ್ತಿತ್ತು. ಧೈರ್ಯಸ್ಥರು ಸಂಶಯದ ಲಸಿಕೆಯನ್ನು ಮಕ್ಕಳಿಗೆ ಹಾಕಿ ಮುಗಿಸುತ್ತಿದ್ದರು. ಭಯಸ್ಥರು ಒಳ್ಳೆಯದನ್ನೂ ಸೇರಿಸಿ ಪೆಟ್ಟಿಗೆ ಪೆಟ್ಟಿಗೆಯನ್ನೇ ಚೆಲ್ಲುತ್ತಿದ್ದರು. ಯಾರು ಸರಿಯೆಂದು ತೀರ್ಪು ಕೊಡಲು ಪ್ರಯೋಗಶಾಲೆಯೇ ಬೇಕು. ಆ ಪರೀಕ್ಷೆ ಮುಗಿಯುವ ವೇಳೆಗೆ ಮಕ್ಕಳ ಸಾಲು ಮನೆಗೆ ಹೋಗಿರುತ್ತಿತ್ತು.

ಹರಳುಗಳ ಸಾಕ್ಷ್ಯ

ಶಾಖಕ್ಕೆ ಬಣ್ಣ ಬದಲಿಸುವ ಪದಾರ್ಥಗಳು ಬೇಕಾದಷ್ಟಿವೆ. ಆದರೆ ತಂಪಾದೊಡನೆ ಮೊದಲಿನ ಬಣ್ಣಕ್ಕೆ ಮರಳುವಂಥದು ಇಲ್ಲಿ ಪ್ರಯೋಜನವಿಲ್ಲ. ಬೇಕಾದುದು ಹಿಂದಿರುಗಲಾರದ ಪದಾರ್ಥ. ೧೯೬೯ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಗೆರ್ಹಾರ್ಡ್ ವೆಗ್ನರ್ ಅವರು ಡೈಅಸಿಟಿಲೀನ್ ಎಂಬ ಜಾತಿಯ ವಸ್ತುಗಳ ವಿಚಿತ್ರ ನಡವಳಿಕೆಯನ್ನು ವಿವರಿಸಿದರು. ಇವುಗಳ ಹರಳಿನಲ್ಲಿ ಅಣುಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿರುತ್ತವೆ. ಶಾಖವೋ ಬೆಳಕೋ ತಗುಲಿದರೆ ನಿಂತ ನಿಲುವಿನಲ್ಲಿಯೇ ಒಂದರ ಕೈಯನ್ನು ಇನ್ನೊಂದು ಹಿಡಿದು ಉದ್ದನೆಯ ಸರವಾಗುತ್ತವೆ. ಬಿಡಿಯಾಗಿದ್ದಾಗ ಬಣ್ಣವಿಲ್ಲದ ಹರಳು, ಸರವಾದಂತೆಲ್ಲ ಕಪ್ಪೇರುತ್ತದೆ. ಒಮ್ಮೆ ಹಿಡಿದ ಕೈಯನ್ನು ಅವು ಬಿಡುವುದಿಲ್ಲ. ಹುರಿದ ಕಡಲೆಯನ್ನು ನೆನೆಹಾಕಿದರೆ ಮೊಳಕೆ ಬಂದೀತೇ?

ಈ ಗುಣವನ್ನು ಹಿಡಿದು ಅಮೆರಿಕದ ನ್ಯೂಜೆರ್ಸಿಯ ರಾಸಾಯನಿಕ ಕಂಪೆನಿಯೊಂದರಲ್ಲಿ ೧೯೭೦ರ ದಶಕದಲ್ಲಿ ಕೆಲಸ ನಡೆಯಿತು. ಅದೇ ದಶಕದ ಕೊನೆಯ ವೇಳೆಗೆ ವಿಶ್ವ ಆರೋಗ್ಯ ಸಂಸ್ಥೆಗೂ, ಸಿಯಾಟಲ್ ನಗರದ ಪಾತ್ ಎಂಬ ಲಾಭರಹಿತ ಸಂಸ್ಥೆಗೂ ಲಸಿಕೆಗೆ ಒಂದು ಶಾಖಸೂಚಕ ಬೇಕೆಂಬ ಹಂಬಲ ಹುಟ್ಟಿತ್ತು. ಮೊದಲು ದಡಾರದ ಲಸಿಕೆಯ ಮೇಲೆ ಪ್ರಯೋಗಗಳು ನಡೆದವು. ನ್ಯೂಜೆರ್ಸಿಯದೇ ಆದ ಲೈಫ್‌ಲೈನ್ಸ್ ಕಂಪೆನಿಯು ಪೋಲಿಯೋ ಲಸಿಕೆಗೆ ಹೊಂದುವ ಚೀಟಿಯನ್ನು ತಯಾರಿಸಿ ಕೊಡುವ ವೇಳೆಗೆ ಒಂದೂವರೆ ದಶಕವೇ ಉರುಳಿತ್ತು. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ಕಾಲವೇ ಎಂದು ಕೇಳಬಹುದು. ಕಷ್ಟವಿದ್ದುದು ಬಣ್ಣದಲ್ಲಲ್ಲ, ವೇಗದಲ್ಲಿ. ಲಸಿಕೆಯು ಸಾಯುವ ವೇಗಕ್ಕೂ ಚೌಕವು ಕಪ್ಪಾಗುವ ವೇಗಕ್ಕೂ ತಾಳ ಕೂಡಬೇಕು. ಅದೂ ಒಂದು ಶಾಖದಲ್ಲಲ್ಲ, ಹಲವು ಶಾಖಗಳಲ್ಲಿ.

ತಾಳ ಎಷ್ಟರಮಟ್ಟಿಗೆ ಕೂಡಿತೆಂಬುದನ್ನು ಅಂಕಿಗಳೇ ಹೇಳುತ್ತವೆ. ಪೋಲಿಯೋ ಹನಿಯ ಸೀಸೆಗೆ ಅಂಟಿಸುವ ಚೀಟಿಯು ೩೭ ಡಿಗ್ರಿ ಶಾಖದಲ್ಲಿ ೨ ದಿನಕ್ಕೆ ತನ್ನ ಕೊನೆಯ ಗುರುತನ್ನು ಮುಟ್ಟುತ್ತದೆ. ಅದೇ ಚೀಟಿ ೫ ಡಿಗ್ರಿಯಲ್ಲಿ ಅಲ್ಲಿಗೆ ತಲಪಲು ೨೨೫ ದಿನ ತೆಗೆದುಕೊಳ್ಳುತ್ತದೆ. ಎಲ್ಲ ಲಸಿಕೆಗಳೂ ಇಷ್ಟು ನಾಜೂಕಲ್ಲ. ಆದುದರಿಂದ ೩೭ ಡಿಗ್ರಿಯಲ್ಲಿ ೭ ದಿನ, ೧೪ ದಿನ, ೩೦ ದಿನ ತಾಳುವ ಬೇರೆ ಬೇರೆ ಚೀಟಿಗಳೂ ಇವೆ. ಇನ್ನೊಂದು ತಮಾಷೆಯೂ ಉಂಟು. ಈ ಚೀಟಿಗಳು ತಯಾರಾದ ಗಳಿಗೆಯಿಂದಲೇ ಲೆಕ್ಕ ಬರೆಯಲು ತೊಡಗುವುದರಿಂದ, ಸೀಸೆಗೆ ಅಂಟಿಸುವವರೆಗೆ ಅವನ್ನೂ ಕೊರೆಯುವ ಚಳಿಯಲ್ಲಿಯೇ ಸಾಗಿಸಿ ಇಡಬೇಕು. ಕಾವಲುಗಾರನಿಗೇ ಕಾವಲು!

ಓದಲು ಅಕ್ಷರ ಬೇಡ

ಚೀಟಿಯನ್ನು ಓದುವ ಕ್ರಮ ಬಲು ಸುಲಭ. ಒಳಗಿನ ಚೌಕವು ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದು, ವಾಯಿದೆಯೂ ಮೀರಿರದಿದ್ದರೆ ಲಸಿಕೆಯನ್ನು ಬಳಸಬಹುದು. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾದರೆ ಸೀಸೆಯನ್ನು ತೆಗೆದಿಡಬೇಕು. ಇನ್ನೂ ಕಪ್ಪಾಗಿದ್ದರೆ ಕೇಳುವುದೇ ಬೇಡ. ಉಷ್ಣಮಾಪಕವನ್ನು ನೋಡಬೇಕಾಗಿಲ್ಲ, ಕೂಡುವ ಕಳೆಯುವ ಗೋಜಿಲ್ಲ.

ಈ ಸೌಲಭ್ಯದಿಂದ ಆದ ದೊಡ್ಡ ಬದಲಾವಣೆ ಔಷಧಶಾಸ್ತ್ರದ್ದಲ್ಲ, ಅಧಿಕಾರದ್ದು. ಲಸಿಕೆ ಚೆನ್ನಾಗಿದೆಯೇ ಇಲ್ಲವೇ ಎಂದು ಹೇಳುವ ಹಕ್ಕು ಹಿಂದೆ ರಾಜಧಾನಿಯ ಪ್ರಯೋಗಶಾಲೆಗೆ ಸೇರಿತ್ತು. ಈಗ ಹಳ್ಳಿಯ ಅಂಗನವಾಡಿಯ ಜಗಲಿಯಲ್ಲಿ ಕುಳಿತ ಆರೋಗ್ಯ ಸಹಾಯಕಿ, ಸೀಸೆಯನ್ನು ಕಣ್ಣಿನ ಮುಂದೆ ಹಿಡಿದು, "ಇದು ಬೇಡ, ಬೇರೆಯದು ಕೊಡಿ" ಎಂದರೆ ಸಾಕು. ಮೇಲಿನವರು ಕಳುಹಿಸಿದ ಸರಕನ್ನು ಕೆಳಗಿನವರು ಹಿಂದಕ್ಕೆ ಕಳುಹಿಸುವುದು ನಮ್ಮ ಕಚೇರಿಗಳ ಸಂಪ್ರದಾಯದಲ್ಲಿ ಸಾಮಾನ್ಯ ಸಂಗತಿಯಲ್ಲ.

ದಾಸ್ತಾನಿನ ನಿಯಮವೂ ತಲೆಕೆಳಗಾಯಿತು. ವಾಯಿದೆ ಮೊದಲು ಮುಗಿಯುವ ಸರಕನ್ನು ಮೊದಲು ಖರ್ಚುಮಾಡುವುದು ವರ್ತಕರ ಹಳೆಯ ಕ್ರಮ. ಆದರೆ ಎರಡು ಪೆಟ್ಟಿಗೆಗಳಲ್ಲಿ ಒಂದರ ಚೌಕ ಹೆಚ್ಚು ಕಪ್ಪೇರಿದ್ದರೆ, ಅದರ ವಾಯಿದೆ ಇನ್ನೂ ದೂರವಿದ್ದರೂ ಅದನ್ನೇ ಮೊದಲು ಬಳಸಬೇಕೆಂದು ಈಗಿನ ನಿಯಮ ಹೇಳುತ್ತದೆ.

ಭಾರತದ ಪೋಲಿಯೋ ಹೋರಾಟದಲ್ಲಿ ಇದರ ಬೆಲೆ ತಿಳಿಯಿತು. ೧೯೯೫ರ ಡಿಸೆಂಬರಿನಲ್ಲಿ ಆರಂಭವಾದ ಪಲ್ಸ್ ಪೋಲಿಯೋ ಕಾರ್ಯಕ್ರಮಕ್ಕೆ ಕಡೆಯವರೆಗೂ ಸವಾಲಾಗಿ ನಿಂತ ಪ್ರದೇಶಗಳಲ್ಲಿ ಬಿಹಾರದ ಕೋಸಿ ನದಿಯ ಬಯಲೂ ಒಂದು. ಅಲ್ಲಿ ನೆರೆ ಬಂದಾಗಲೆಲ್ಲ ನದಿ ತನ್ನ ದಾರಿಯನ್ನೇ ಬದಲಿಸುತ್ತದೆ. ರಸ್ತೆಯಿಲ್ಲ, ವಿದ್ಯುತ್ತಿಲ್ಲ, ಮರಳ ದಿಬ್ಬಗಳ ಮೇಲೆ ಹುಲ್ಲಿನ ಗುಡಿಸಲುಗಳು. ಲಸಿಕೆ ಹಾಕುವವರು ದೋಣಿಯಲ್ಲಿ ದಾಟಿ, ಮರಳಿನಲ್ಲಿ ನಡೆದು, ಮತ್ತೆ ದೋಣಿ ಹತ್ತಬೇಕು. ಅಷ್ಟು ದೂರ ಹೋದ ಮೇಲೆ ಪೆಟ್ಟಿಗೆಯಲ್ಲಿ ಉಳಿದುದು ಲಸಿಕೆಯೋ ನೀರೋ ಎಂಬ ಶಂಕೆಗೆ ಉತ್ತರ ಆ ಚೌಕದಲ್ಲಿರುತ್ತಿತ್ತು. ದೇಶದ ಕೊನೆಯ ಕಾಡು ಪೋಲಿಯೋ ರೋಗಿಯಾಗಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಹುಡುಗಿಯೊಬ್ಬಳು ೨೦೧೧ರ ಜನವರಿಯಲ್ಲಿ ದಾಖಲಾದಳು. ೨೦೧೪ರ ಮಾರ್ಚ್ ೨೭ರಂದು ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಆ ಗೆಲುವು ಚೀಟಿಯೊಂದರದೇ ಎಂದರೆ ಬಾಗಿಲು ಬಾಗಿಲಿಗೆ ನಡೆದ ಲಕ್ಷಾಂತರ ಕಾಲುಗಳಿಗೆ ಅನ್ಯಾಯವಾದೀತು. ಆ ಕಾಲುಗಳ ಶ್ರಮ ಸತ್ತ ಹನಿಯಿಂದ ವ್ಯರ್ಥವಾಗದಂತೆ ಅದು ನೋಡಿಕೊಂಡಿತೆನ್ನಬಹುದು.

ಆಫ್ರಿಕದ ಬೆನಿನ್ ದೇಶದಲ್ಲಿ ೨೦೧೨ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಿದುಳುಪೊರೆಯ ಉರಿಯೂತವನ್ನು ತಡೆಯುವ ಮೆನ್‌ಆಫ್ರಿವಾಕ್ ಲಸಿಕೆ ತಯಾರಾದುದು ನಮ್ಮ ಪುಣೆಯ ಸೀರಂ ಇನ್ಸ್ಟಿಟ್ಯೂಟಿನಲ್ಲಿ. ೪೦ ಡಿಗ್ರಿ ಮೀರದ ಶಾಖದಲ್ಲಿ ನಾಲ್ಕು ದಿನದವರೆಗೆ ಮಂಜುಗಡ್ಡೆಯಿಲ್ಲದೆಯೇ ಅದನ್ನು ಒಯ್ಯಬಹುದೆಂದು ಪರವಾನಗಿ ದೊರೆಯಿತು. ಸೀಸೆಯ ಮೇಲಿನ ಚೀಟಿ, ಜತೆಗೆ ೪೦ ಡಿಗ್ರಿ ದಾಟಿದರೆ ಬಣ್ಣ ತಿರುಗುವ ಇನ್ನೊಂದು ಗುರುತು, ಇವೆರಡನ್ನು ನಂಬಿ ಒಂದೂವರೆ ಲಕ್ಷ ಜನಕ್ಕೆ ಲಸಿಕೆ ಹಾಕಿದರು.

ಅಂಗಡಿಯಲ್ಲೇಕೆ ಕಾಣದು?

ಇಷ್ಟು ಒಳ್ಳೆಯ ಉಪಾಯ ಹಾಲು, ಮೀನು, ಮಾಂಸದ ಪೊಟ್ಟಣಗಳ ಮೇಲೆ ಏಕಿಲ್ಲವೆಂದು ಓದುಗರಿಗೆ ಅನ್ನಿಸಿರಬಹುದು. ಪ್ರಯತ್ನ ನಡೆಯದೆ ಇಲ್ಲ. ಫ್ರಾನ್ಸಿನ ಮೊನೊಪ್ರಿ ಅಂಗಡಿಗಳು ೧೯೯೦ರ ದಶಕದಲ್ಲಿಯೇ ಕೆಲವು ತಿನಿಸುಗಳ ಮೇಲೆ ಇದೇ ಬಗೆಯ ಚೀಟಿ ಅಂಟಿಸಿದವು. ಅಮೆರಿಕದ ಸೈನಿಕರ ಸಿದ್ಧ ಊಟದ ಪೆಟ್ಟಿಗೆಗಳ ಮೇಲೂ ಅದು ಬಂದಿತು. ಆದರೆ ಪೇಟೆಯಲ್ಲಿ ಅದು ಲಸಿಕೆಯಲ್ಲಿ ಹಬ್ಬಿದಂತೆ ಹಬ್ಬಲಿಲ್ಲ. ಪ್ರತಿ ಪೊಟ್ಟಣಕ್ಕೂ ಖರ್ಚು ಹೆಚ್ಚುವುದು ಒಂದು ಕಾರಣ. ಇನ್ನೊಂದನ್ನು ಯಾವ ಕಿರಾಣಿ ಅಂಗಡಿಯವರನ್ನು ಕೇಳಿದರೂ ಹೇಳಿಯಾರು: ಗಿರಾಕಿಯು ತಿಳಿಯಾದ ಚೌಕವಿರುವ ಪೊಟ್ಟಣವನ್ನೇ ಆರಿಸಿ ಒಯ್ದರೆ ಉಳಿದುದನ್ನು ಯಾರಿಗೆ ಮಾರುವುದು? ಲಸಿಕೆಯನ್ನು ಕೊಳ್ಳುವವರು ಸರಕಾರಗಳು ಮತ್ತು ಯೂನಿಸೆಫ್. ಚೀಟಿಯಿಲ್ಲದ ಪೋಲಿಯೋ ಲಸಿಕೆ ಬೇಡವೆಂದು ಹಟ ಹಿಡಿಯುವ ಶಕ್ತಿ ಅವರಿಗಿತ್ತು. ಒಂದು ಪಾವು ಮೀನು ಕೊಳ್ಳುವವನಿಗೆ ಆ ಶಕ್ತಿಯೆಲ್ಲಿ?

ಚೀಟಿಯ ಮಾತಿಗೂ ಒಂದು ಎಲ್ಲೆಯಿದೆ. ಅದು ಲಸಿಕೆಯ ಶಕ್ತಿಯನ್ನು ಅಳೆಯುವುದಿಲ್ಲ. ಉಂಡ ಶಾಖವನ್ನು ಮಾತ್ರ ಹೇಳುತ್ತದೆ. ಒಂದು ಲಸಿಕೆ ಯಾವ ಶಾಖಕ್ಕೆ ಎಷ್ಟು ದಿನದಲ್ಲಿ ಸೋಲುತ್ತದೆಂಬುದು ಮೊದಲೇ ತಿಳಿದಿದ್ದರೆ ತಾನೆ ತಕ್ಕ ಚೀಟಿಯನ್ನು ಆರಿಸುವುದು? ೨೦೨೦ರ ಕೊನೆಯಲ್ಲಿ ಕೋವಿಡ್ ಲಸಿಕೆಗಳು ತರಾತುರಿಯಲ್ಲಿ ಸಿದ್ಧವಾದಾಗ, ಸೀಸೆಯ ಮೇಲೆ ವಿ.ವಿ.ಎಂ. ಇಲ್ಲದಿರಬಹುದು, ಅದಕ್ಕಾಗಿ ಹಿಂಜರಿಯಬಾರದೆಂದು ಭಾರತ ಸರಕಾರದ ಕೈಪಿಡಿಯೇ ಸಿಬ್ಬಂದಿಗೆ ಹೇಳಬೇಕಾಯಿತು. ದಡಾರ, ಬಿ.ಸಿ.ಜಿ. ಮುಂತಾದ ಪುಡಿಯ ಲಸಿಕೆಗಳಲ್ಲಿ ಚೀಟಿಯಿರುವುದು ಮುಚ್ಚಳ ಅಥವಾ ಕುತ್ತಿಗೆಯ ಮೇಲೆ. ದ್ರಾವಣ ಬೆರೆಸಿದ ಮೇಲೆ ಆ ಚೀಟಿಯ ಅಧಿಕಾರ ಮುಗಿಯಿತು. ಬಣ್ಣ ಏನೇ ಇರಲಿ, ಹೆಚ್ಚೆಂದರೆ ಆರು ಗಂಟೆಯೊಳಗೆ ಬಳಸಿ ಉಳಿದುದನ್ನು ತೆಗೆದುಹಾಕಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಚಳಿಯದು. ಚೀಟಿಗೆ ಬಿಸಿಲು ತಿಳಿಯುತ್ತದೆ, ಹಿಮ ತಿಳಿಯದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಇವುಗಳ ಲಸಿಕೆಗಳು ಹೆಪ್ಪುಗಟ್ಟಿದರೆ ಹಾಳು. ಅವುಗಳಲ್ಲಿರುವ ಅಲ್ಯೂಮಿನಿಯಂ ಲವಣದ ಕಣಗಳು ಗಂಟುಗಂಟಾಗಿ ಶಕ್ತಿ ಕುಂದುತ್ತದೆ. ಚೌಕ ಮಾತ್ರ ಹೊಸದರಂತೆ ತಿಳಿಯಾಗಿ ನಗುತ್ತಿರುತ್ತದೆ. ಶಾಖಕ್ಕೆ ಹೆದರಿ ಮಂಜುಗಡ್ಡೆಯನ್ನು ಒತ್ತೊತ್ತಾಗಿ ತುಂಬುವ ಶ್ರದ್ಧಾವಂತರ ಪೆಟ್ಟಿಗೆಯಲ್ಲಿಯೇ ಈ ಅಪಾಯ ಹೆಚ್ಚು. ಆದುದರಿಂದ ಮಂಜಿನ ಪೊಟ್ಟಣವನ್ನು ಹೊರತೆಗೆದು, ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾದು, ಆಮೇಲೆ ಪೆಟ್ಟಿಗೆಗೆ ಇಡಬೇಕೆಂದು ಕಲಿಸುತ್ತಾರೆ. ಆದರೂ ಸಂಶಯ ಬಂದರೆ ಹಳೆಯ ಪರೀಕ್ಷೆಯೇ ಗತಿ. ಅದೇ ತಂಡದ ಇನ್ನೊಂದು ಸೀಸೆಯನ್ನು ಬೇಕೆಂದೇ ಕಲ್ಲಿನಂತೆ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಚೆನ್ನಾಗಿ ಕುಲುಕಿ, ಬೆಳಕಿಗೆದುರಾಗಿ ಮೇಜಿನ ಮೇಲೆ ನಿಲ್ಲಿಸಿ, ಅರ್ಧ ಗಂಟೆಯವರೆಗೆ ಯಾವುದರ ಗಸಿ ಬೇಗ ತಳಕ್ಕೆ ಇಳಿಯುತ್ತದೆಂದು ನೋಡುತ್ತ ಕುಳಿತಿರುತ್ತಾರೆ. ಸಂಶಯದ ಸೀಸೆಯ ಗಸಿ ಹೆಪ್ಪುಗಟ್ಟಿಸಿದ್ದರಷ್ಟೇ ಬೇಗ ಇಳಿದರೆ, ಅದರ ಚೀಟಿ ಏನೇ ಹೇಳುತ್ತಿರಲಿ, ಆ ಸೀಸೆ ಮಕ್ಕಳ ಕಡೆಗೆ ಹೋಗುವುದಿಲ್ಲ.