ಕರಿಯ ಹೊಗೆಸೊಪ್ಪು: ನಾಲಗೆಯ ತೀರ್ಪು, ವೈದ್ಯನ ತೀರ್ಪು

ಒಂದು ಪದಾರ್ಥವನ್ನು ಮೆಚ್ಚುವುದು ಬೇರೆ, ಅದರ ಗುಣವನ್ನು ನಿರ್ಣಯಿಸುವುದು ಬೇರೆ. ಮೆಚ್ಚುವವನಿಗೆ ಬಾಯಿಯೊಂದಿದ್ದರೆ ಸಾಕು. ನಿರ್ಣಯಿಸುವವನಿಗೆ ನಾಲಗೆ, ಮೂಗು, ನೆನಪು, ತಾಳ್ಮೆ ಈ ನಾಲ್ಕೂ ಬೇಕು. ಬೆಳಗಿನ ಜಾವದಲ್ಲೆದ್ದು ಡಿಕಾಕ್ಷನ್ ಇಳಿಸುವ ನಮ್ಮ ಹೋಟೆಲು ಬಂಧುಗಳಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಕಾಫಿಪುಡಿಯ ಡಬ್ಬಿಯ ಮುಚ್ಚಳ ತೆರೆದೊಡನೆ ಹುರಿದುದು ಹೆಚ್ಚಾಯಿತೋ, ಚಿಕೋರಿ ಮೀರಿತೋ ಎಂಬುದನ್ನು ಅವರು ಮೂಗಿನಿಂದಲೇ ಹೇಳಬಲ್ಲರು. ಇದೇ ಬಗೆಯ ಪರೀಕ್ಷೆಯನ್ನು ಹೊಗೆಸೊಪ್ಪಿನ ವಿಷಯದಲ್ಲಿಯೂ ಒಂದು ಶಾಸ್ತ್ರವೆಂಬಂತೆ ಬೆಳೆಸಿದವರುಂಟು. ಅವರ ಪರೀಕ್ಷೆಗಳಲ್ಲಿ ಅತ್ಯಂತ ಕಠಿನವಾದುದು, ಇಂಗ್ಲೆಂಡಿನವರು ‘ಡಾರ್ಕ್ ಫ್ಲೇಕ್’ ಎಂದು ಕರೆಯುವ ಕರಿಯ ಪೈಪು ಹೊಗೆಸೊಪ್ಪಿನದು. ಅದರ ಕ್ರಮವೇನು, ಆ ಕ್ರಮದಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಬಿಜಾಪುರದಿಂದ ಆಗ್ರಾಕ್ಕೆ

ಹೊಗೆಸೊಪ್ಪಿನ ಪರೀಕ್ಷೆಯು ಕನ್ನಡ ನಾಡಿಗೆ ಹೊರಗಿನ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. 1604ರ ಸುಮಾರಿಗೆ ಮೊಗಲ ಬಾದಶಹನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನೆಂಬವನು ಉತ್ತರದಲ್ಲಿ ತಾನು ಎಂದೂ ಕಾಣದಿದ್ದ ಈ ಸೊಪ್ಪನ್ನು ಇಲ್ಲಿ ಕಂಡನು. ಅದನ್ನು ಕೊಂಡೊಯ್ದು, ರತ್ನ ಕೆತ್ತಿಸಿದ ಅಂದವಾದ ಕೊಳವೆಯೊಂದನ್ನು ಸಿದ್ಧಪಡಿಸಿ, ಅಕ್ಬರನ ಮುಂದಿರಿಸಿದನು. ಬಾದಶಹನು ಕುತೂಹಲದಿಂದ ಕೆಲವು ಬಾರಿ ಹೊಗೆಯನ್ನೆಳೆದನು. ಆದರೆ ಪಕ್ಕದಲ್ಲಿದ್ದ ವೈದ್ಯನು ತಡೆದನು. ಗ್ರಂಥಗಳಲ್ಲಿ ಹೇಳದಿರುವ, ಗುಣವರಿಯದ ಪದಾರ್ಥವನ್ನು ಪ್ರಭುಗಳು ಸೇವಿಸಲಾಗದೆಂಬುದು ಅವನ ವಾದ. ಎಲ್ಲ ಔಷಧಿಗಳೂ ಒಂದು ಕಾಲಕ್ಕೆ ಅಪರಿಚಿತವೇ ಆಗಿದ್ದವೆಂಬುದು ಅಸದ್ ಬೇಗನ ಪ್ರತಿವಾದ. ಅಕ್ಬರನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಆಸ್ಥಾನದ ಸರದಾರರು ಮಾತ್ರ ಮಾಡಿಕೊಂಡರು. 1617ರಲ್ಲಿ ಜಹಾಂಗೀರನು ಹೊಗೆಸೊಪ್ಪಿನ ಸೇವನೆಯನ್ನು ನಿಷೇಧಿಸಿದನೆಂದ ಮೇಲೆ ಆ ಅಭ್ಯಾಸವು ಎಷ್ಟು ಬೇಗ ಬೇರೂರಿತೆಂಬುದನ್ನು ಊಹಿಸಿಕೊಳ್ಳಬಹುದು.

ಆ ದಿನ ದರಬಾರಿನಲ್ಲಿ ನಾಲಗೆಯೂ ವೈದ್ಯನೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. ಈಚಿನವರು ಹೊಗೆಸೊಪ್ಪಿನ ಗುಣ ವರ್ಣಿಸುವಾಗ ವೈದ್ಯನನ್ನು ಹೊರಗೆ ಕೂರಿಸುವುದೇ ಹೆಚ್ಚು. ನಾವು ಇಬ್ಬರ ಮಾತನ್ನೂ ಕೇಳೋಣ.

ಕೆಂಡಲ್ ಎಂಬ ಊರು

ಇಂಗ್ಲೆಂಡಿನ ವಾಯವ್ಯಕ್ಕೆ, ಸರೋವರಗಳ ಸೀಮೆಯ ಬಾಗಿಲಿನಂತಿರುವ ಒಂದು ಪುಟ್ಟ ಊರು ಕೆಂಡಲ್. ಹೆಸರಿನಲ್ಲಿ ನಮ್ಮ ಕೆಂಡವು ಹೊಕ್ಕಿರುವುದು ಕೇವಲ ಆಕಸ್ಮಿಕ. 1792ರಲ್ಲಿ ಥಾಮಸ್ ಹ್ಯಾರಿಸನ್ ಎಂಬವನು ಸ್ಕಾಟ್ಲೆಂಡಿನಿಂದ ನಶ್ಯ ಅರೆಯುವ ಯಂತ್ರವನ್ನು ಕುದುರೆಗಳ ಮೇಲೆ ಹೇರಿಸಿಕೊಂಡು ಇಲ್ಲಿಗೆ ತಂದನೆಂಬುದು ಆ ಊರಿನ ಪ್ರತೀತಿ. ಅವನ ಮನೆತನಕ್ಕೆ ಸಂಬಂಧದಿಂದ ಸೇರಿದ ಗಾವಿತ್ ವಂಶದವರು ಆ ಉದ್ಯಮವನ್ನು ಬೆಳೆಸಿದರು. ಮುಂದೆ ಅದು ಕವಲೊಡೆದು ‘ಸ್ಯಾಮ್ಯುಯಲ್ ಗಾವಿತ್’, ‘ಗಾವಿತ್ ಹಾಗರ್ತ್’ ಎಂಬ ಎರಡು ಸಂಸ್ಥೆಗಳಾಯಿತು. 2015ರಲ್ಲಿ ಅವು ಮತ್ತೆ ಒಂದೇ ಒಡೆತನದಡಿಯಲ್ಲಿ ಕೂಡಿದವು. ನಶ್ಯದ ಡಬ್ಬಿಯ ಮಹಿಮೆಯನ್ನು ಬಲ್ಲ ನಮ್ಮ ಹಿರಿಯ ತಲೆಮಾರಿನವರಿಗೆ ಈ ಊರು ಪರಕೀಯವೆನಿಸಲಾರದು.

ಡಾರ್ಕ್ ಫ್ಲೇಕ್ ತಯಾರಾಗುವ ಬಗೆ ಹೀಗಿದೆ. ಎಲೆಯ ನಡುದಂಟನ್ನು ತೆಗೆದು, ತೇವ ಕೊಟ್ಟು, ಬೇರೆ ಬೇರೆ ಬಗೆಯ ಎಲೆಗಳನ್ನು ಪದರಪದರವಾಗಿ ಜೋಡಿಸುತ್ತಾರೆ. ಬಳಿಕ ಶಾಖದಲ್ಲಿ ಬಲವಾಗಿ ಅದುಮಿ, ಬೆಲ್ಲದ ಅಚ್ಚಿನಂತೆ ಗಟ್ಟಿಯಾದ ಹಲಗೆಯನ್ನು ಮಾಡುತ್ತಾರೆ. ಒತ್ತಡಕ್ಕೂ ಕಾವಿಗೂ ಸಿಕ್ಕಿದ ಎಲೆಗಳ ರಸವು ಒಂದರೊಳಗೊಂದು ಬೆರೆತು, ಬಣ್ಣವು ಕಪ್ಪಿಗೆ ತಿರುಗುತ್ತದೆ. ಆರಿದ ಮೇಲೆ ಆ ಹಲಗೆಯನ್ನು ತೆಳ್ಳನೆಯ ಪಟ್ಟಿಗಳಾಗಿ ಕೊಯ್ಯುತ್ತಾರೆ. ಆ ಪಟ್ಟಿಯೇ ಫ್ಲೇಕ್.

ಎಲೆಯನ್ನು ಹದಮಾಡುವ ಕ್ರಮದಲ್ಲಿಯೇ ಮುಖ್ಯ ಭೇದವಿರುವುದು. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ರೈತರು ಬೆಳೆಯುವ ವರ್ಜೀನಿಯಾ ಎಲೆಯನ್ನು ‘ಬ್ಯಾರನ್’ ಎಂಬ ಗೂಡುಗಳಲ್ಲಿ, ಹೊಗೆ ತಾಗದಂತೆ, ಕೊಳವೆಗಳ ಕಾವಿನಿಂದ ಒಣಗಿಸುತ್ತಾರೆ. ಆಗ ಎಲೆ ಹೊಂಬಣ್ಣಕ್ಕೆ ಬಂದು ಅದರ ಸಕ್ಕರೆ ಉಳಿಯುತ್ತದೆ. ಅಮೆರಿಕೆಯ ಕೆಂಟಕಿ, ಆಫ್ರಿಕದ ಮಲಾವಿ ಮುಂತಾದೆಡೆಗಳ ಕರಿಯ ಎಲೆಯನ್ನಾದರೋ ಮೆಲ್ಲಗೆ ಹೊಗೆಯಾಡುವ ಗಟ್ಟಿಮರದ ಬೆಂಕಿಯ ಮೇಲೆ ತೂಗಹಾಕಿ ಹದಗೊಳಿಸುತ್ತಾರೆ. ಮೊದಲನೆಯದರಲ್ಲಿ ಸಿಹಿ ಮುಂದು. ಎರಡನೆಯದರಲ್ಲಿ ಘಾಟು ಮುಂದು.

ಪರೀಕ್ಷೆಯ ಕ್ರಮ

ಪರೀಕ್ಷಕನು ಮೊದಲು ಮೂಗನ್ನು ಕೇಳುತ್ತಾನೆ. ಡಬ್ಬಿ ತೆರೆದ ಕ್ಷಣದ ವಾಸನೆಯನ್ನೂ, ಗಾಳಿಯಾಡಿದ ಹತ್ತು ನಿಮಿಷದ ಅನಂತರದ ವಾಸನೆಯನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಪರಿಮಳ ಬೆರೆಸದ ಕರಿಯ ಫ್ಲೇಕಿನಲ್ಲಿ ಮೊದಲು ಎದುರಾಗುವುದು ಹೊಗೆಯ ವಾಸನೆ. ಹಳೆಯ ಮನೆಯ ಅಟ್ಟದಲ್ಲಿ, ಒಲೆಯ ಹೊಗೆ ಕುಡಿದು ಕಪ್ಪಾದ ತೊಲೆಯ ಬಳಿ ನಿಂತವರಿಗೆ ಅದು ಪರಿಚಿತವೇ. ಅದರ ಹಿಂದೆ ಹದಮಾಡಿದ ತೊಗಲು, ಮಳೆ ಬಿದ್ದ ಮಣ್ಣು, ಹಳೆಯ ಹುಣಿಸೆಹಣ್ಣು ಇವುಗಳ ನೆನಪು ತರುವ ಛಾಯೆಗಳು ಬರುತ್ತವೆ.

ಎರಡನೆಯದು ಕೈಯ ಪರೀಕ್ಷೆ. ಪಟ್ಟಿಯೊಂದನ್ನು ಬೆರಳುಗಳ ನಡುವೆ ಒತ್ತಿ ಬಿಟ್ಟರೆ ಅದು ಮೆಲ್ಲನೆ ಬಿಚ್ಚಿಕೊಳ್ಳಬೇಕು. ಮುದ್ದೆಯಾಗಿಯೇ ನಿಂತರೆ ತೇವ ಹೆಚ್ಚು, ಪುಡಿಯಾದರೆ ಒಣಗಿದೆ. ಕರಿಯ ಫ್ಲೇಕ್ ಸಾಮಾನ್ಯವಾಗಿ ತೇವದಿಂದಲೇ ಬರುವುದರಿಂದ ಸ್ವಲ್ಪ ಹೊತ್ತು ಕಾಗದದ ಮೇಲೆ ಆರಬಿಡುವುದು ವಾಡಿಕೆ. ಬಳಿಕ ಅದನ್ನು ಬೆರಳಿನಿಂದ ಉಜ್ಜಿ ಬಿಡಿಸಿ ತುಂಬಬಹುದು, ಇಲ್ಲವೆ ಮಡಚಿ ಹಾಗೆಯೇ ಪೈಪಿನ ಬಟ್ಟಲಿಗಿಳಿಸಬಹುದು. ಉಜ್ಜಿದುದು ಬೇಗ ಉರಿದು ರುಚಿಯನ್ನು ಒಮ್ಮೆಗೇ ಕೊಡುತ್ತದೆ. ಮಡಚಿದುದು ನಿಧಾನವಾಗಿ ಉರಿದು ರುಚಿಯನ್ನು ಬಿಡಿಬಿಡಿಯಾಗಿ ತೋರಿಸುತ್ತದೆ.

ಪೈಪಿನ ಶುದ್ಧಿಯೂ ಅಷ್ಟೇ ಮುಖ್ಯ. ಸಾಂಬಾರು ಕುದಿಸಿದ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಆ ಹಾಲಿನ ಗುಣವನ್ನು ಹೇಗೆ ತಿಳಿಯುವುದು? ಪೈಪು ಸಾಮಾನ್ಯವಾಗಿ ಮೆಡಿಟರೇನಿಯನ್ ಕರಾವಳಿಯ ಬ್ರಯರ್ ಗಿಡದ ಬೇರುಗಂಟಿನಿಂದ ಮಾಡಿದುದು. ಆ ಮರವು ಹಿಂದೆ ಸೇದಿದ ಸೊಪ್ಪಿನ ವಾಸನೆಯನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಪರೀಕ್ಷೆಗೆ ಒಂದು ಪೈಪನ್ನೇ ಮೀಸಲಿಡುವುದು ಬಲ್ಲವರ ಪದ್ಧತಿ.

ಬೆಂಕಿ ಕೊಡುವುದು ಎರಡು ಸಲ. ಮೊದಲ ಕಡ್ಡಿಗೆ ಮೇಲ್ಪದರವು ಕರಿಯಾಗಿ ಉಬ್ಬುತ್ತದೆ. ಅದನ್ನು ಹಗುರವಾಗಿ ಅದುಮಿ ಎರಡನೆಯ ಕಡ್ಡಿ ಕೊಟ್ಟರೆ ಉರಿ ಸಮನಾಗಿ ಹರಡುತ್ತದೆ. ಹೊಗೆಯನ್ನು ಎದೆಗೆಳೆದುಕೊಳ್ಳದೆ ಬಾಯಿಯಲ್ಲೇ ಆಡಿಸಿ ಬಿಡುವುದು ಪೈಪಿನ ಕ್ರಮ. ಇಲ್ಲಿ ಆತುರ ಸಲ್ಲದು. ಬೇಗಬೇಗನೆ ಎಳೆದರೆ ಸೊಪ್ಪಿನ ತೇವವು ಬಿಸಿಯ ಆವಿಯಾಗಿ ನಾಲಗೆಯನ್ನು ಸುಡುತ್ತದೆ, ರುಚಿಯೂ ಕಮರುತ್ತದೆ. ಡಿಕಾಕ್ಷನ್ನನ್ನು ಕುದಿಸಿ ಕೆಡಿಸಿದವನು ಕಾಫಿಬೀಜವನ್ನು ದೂರುವುದು ನ್ಯಾಯವಲ್ಲವಷ್ಟೆ.

ಬಟ್ಟಲನ್ನು ಪರೀಕ್ಷಕನು ಮೂರು ಪಾಲು ಮಾಡಿ ಎಣಿಸುತ್ತಾನೆ. ಮೊದಲ ಪಾಲಿನಲ್ಲಿ ಮರದ ಹೊಗೆ, ಕೊಂಚ ಖಾರ. ಎರಡನೆಯದರಲ್ಲಿ ಖಾರ ತಗ್ಗಿ, ಕಾಕಂಬಿಯಂತಹ ಮಸಕು ಸಿಹಿ ತಲೆದೋರುತ್ತದೆ. ಒಳ್ಳೆಯ ಎಲೆಯ ಗುರುತು ಇಲ್ಲಿಯೇ. ಮೂರನೆಯದರಲ್ಲಿ ಒಗರೂ ಕಹಿಯೂ ಏರುತ್ತವೆ. ಕಹಿ ಏರಿದರೂ ನಾಲಗೆ ಉರಿಯದಿದ್ದರೆ, ತಳದಲ್ಲಿ ಒದ್ದೆ ಚರಟ ಉಳಿಯದಿದ್ದರೆ, ಸೊಪ್ಪೂ ಸರಿ, ಸೇದಿದವನೂ ಸರಿ.

ರುಚಿಯೂ ಕಸುವೂ

ಹೊಸಬರು ತಪ್ಪುವುದು ಒಂದು ಕಡೆಯಲ್ಲಿ. ರುಚಿ ಗಾಢವಾಗಿರುವುದು ಬೇರೆ, ನಿಕೋಟಿನಿನ ಕಸುವು ಹೆಚ್ಚಾಗಿರುವುದು ಬೇರೆ. ನಾಲಗೆಗೆ ಮೃದುವೆನಿಸಿದ ಸೊಪ್ಪು ತಲೆಯನ್ನು ತಿರುಗಿಸಬಹುದು. ಕರಿಯ ಫ್ಲೇಕಿನ ಗುಣ ಬಹುಮಟ್ಟಿಗೆ ಅದೇ. ಇದಕ್ಕೆ ರಸಾಯನಶಾಸ್ತ್ರದಲ್ಲಿ ಕಾರಣವುಂಟು. ಸಿಗರೇಟಿನಲ್ಲಿ ಬಳಸುವ ವರ್ಜೀನಿಯಾ ಎಲೆಯ ಹೊಗೆ ಸ್ವಲ್ಪ ಆಮ್ಲಗುಣದ್ದು. ಅದರ ನಿಕೋಟಿನು ಬಾಯಿಯಲ್ಲಿ ಅಷ್ಟಾಗಿ ಹೀರಲ್ಪಡದು. ಕರಿಯ ಎಲೆಯ ಹೊಗೆ ಕ್ಷಾರಗುಣದ ಕಡೆಗೆ ವಾಲುವುದರಿಂದ ಬಾಯಿಯ ಒಳಪೊರೆಯೇ ಅದನ್ನು ಹೀರಿಕೊಳ್ಳುತ್ತದೆ. ಎದೆಗೆಳೆಯದಿದ್ದರೂ ನಿಕೋಟಿನು ರಕ್ತವನ್ನು ಸೇರುತ್ತದೆ, ಆದರೆ ತಡವಾಗಿ. ಅರ್ಧ ಬಟ್ಟಲು ಮುಗಿಯುವವರೆಗೆ ಏನೂ ಇಲ್ಲವೆಂದು ಧೈರ್ಯಗೊಂಡವನಿಗೆ ಆಮೇಲೆ ಒಮ್ಮೆಗೇ ಬಿಕ್ಕಳಿಕೆ, ತಣ್ಣನೆಯ ಬೆವರು, ವಾಕರಿಕೆ ಇವು ಬಂದು ಒದಗುತ್ತವೆ. ಬರಿಹೊಟ್ಟೆಯಲ್ಲಿ ಇದನ್ನು ಮುಟ್ಟಲಾಗದೆಂದು ಪಳಗಿದವರೇ ಎಚ್ಚರಿಸುವುದು ಇದರಿಂದ.

ಇನ್ನೊಂದು ಎಚ್ಚರಿಕೆ ಪರಿಮಳದ ವಿಷಯದ್ದು. ಕೆಂಡಲಿನ ಹಲವು ಬಗೆಗಳಿಗೆ ಗುಲಾಬಿ, ಜಿರೇನಿಯಂ ಮೊದಲಾದ ಹೂಗಳ ಗಂಧವನ್ನು ಕೊಡುವ ಸಂಪ್ರದಾಯವಿದೆ. ‘1792 ಫ್ಲೇಕ್’ ಎಂಬುದಕ್ಕೆ ಟೊಂಕಾ ಎಂಬ ಬೀಜದ ಗಂಧವನ್ನು ಸೇರಿಸುತ್ತಾರೆ. ಆ ಬೀಜದ ಸುಗಂಧಕ್ಕೆ ಕಾರಣವಾದ ಕೂಮರಿನ್ ಎಂಬ ದ್ರವ್ಯವನ್ನು ಆಹಾರಕ್ಕೆ ಬೆರೆಸುವುದನ್ನು ಅಮೆರಿಕ ಸರಕಾರವು 1954ರಲ್ಲಿ ನಿಲ್ಲಿಸಿತು. ಗಂಧವು ಎಲೆಯನ್ನು ಅಲಂಕರಿಸಬಹುದು, ಎಲೆಯ ದೋಷವನ್ನು ಮುಚ್ಚಲೂಬಹುದು. ನಿನ್ನೆಯ ಸಾಂಬಾರಿಗೆ ಇಂದು ಇಂಗಿನ ಒಗ್ಗರಣೆ ಎರಡು ಪಾಲು ಬಿದ್ದರೆ ಅದೇಕೆಂಬುದು ಒಳಗಿನವರಿಗೆ ಗೊತ್ತು. ಎಲೆಯನ್ನೇ ಅಳೆಯಬೇಕೆಂಬವನು ಪರಿಮಳ ಬೆರೆಸದುದರಿಂದಲೇ ಮೊದಲು ಮಾಡಬೇಕು.

ಅಳೆಯುವ ಕೈಗಳು

ಪೈಪು ಹಿಡಿದ ಮಹನೀಯನೊಬ್ಬನೇ ಹೊಗೆಸೊಪ್ಪಿನ ಪರೀಕ್ಷಕನೆಂದು ತಿಳಿಯಬಾರದು. ಮೈಸೂರು ಸೀಮೆಯ ರೈತನ ಅಂಗಳದಲ್ಲಿ ಈ ಪರೀಕ್ಷೆ ಇನ್ನೂ ಮೊದಲೇ ನಡೆದಿರುತ್ತದೆ. ಗಿಡದ ಬುಡದ ಎಲೆ, ನಡುವಿನ ಎಲೆ, ತುದಿಯ ಎಲೆ, ಇವನ್ನು ಬಣ್ಣ, ಮೈ, ಕಲೆ ನೋಡಿ ವಿಂಗಡಿಸುವವರು ಅಲ್ಲಿಯ ಹೆಂಗಸರು, ಗಂಡಸರು. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯ ಹರಾಜುಕಟ್ಟೆಗಳಲ್ಲಿ ಕೊಳ್ಳುವವನು ಎಲೆಯ ಬಣ್ಣ ನೋಡಿ, ಬೆರಳಿನಿಂದ ಸವರಿ, ಮೂಸಿ ಬೆಲೆ ಕಟ್ಟುತ್ತಾನೆ. ಆ ಕ್ಷಣಮಾತ್ರದ ತೀರ್ಪಿನ ಮೇಲೆ ಒಂದು ಸಂಸಾರದ ವರ್ಷದ ಗಳಿಕೆ ನಿಂತಿದೆ. ಪೈಪಿನವನು ತಪ್ಪು ತೀರ್ಪು ಕೊಟ್ಟರೆ ಅವನಿಗೆ ಒಂದು ಡಬ್ಬಿ ನಷ್ಟ. ಹರಾಜಿನವನು ತಪ್ಪಿದರೆ ರೈತನ ಸಾಲ ಹಾಗೆಯೇ ಉಳಿಯುತ್ತದೆ.

ವೈದ್ಯನ ಪಾಳಿ

ಇನ್ನು ದರಬಾರಿನ ವೈದ್ಯನನ್ನು ಕರೆಯಬೇಕು. ಅಂದು ಅವನ ಬಳಿ ಸಂಶಯವಿತ್ತು, ಪುರಾವೆಯಿರಲಿಲ್ಲ. ಇಂದು ಪುರಾವೆ ಬೇಕಾದಷ್ಟಿದೆ. 1950ರಲ್ಲಿ ಡಾಲ್ ಮತ್ತು ಹಿಲ್ ಎಂಬ ಬ್ರಿಟಿಷ್ ಪಂಡಿತರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. 1964ರ ಜನವರಿ 11ರಂದು ಪ್ರಕಟವಾದ ಅಮೆರಿಕದ ಸರ್ಜನ್ ಜನರಲರ ವರದಿಯು ಸಿಗರೇಟಿನ ಮೇಲೆ ತೀರ್ಪಿತ್ತುದಲ್ಲದೆ, ಪೈಪು ಸೇದುವುದು ತುಟಿಯ ಕ್ಯಾನ್ಸರಿಗೆ ಕಾರಣವಾಗುವುದೆಂದೂ ಹೇಳಿತು. ಹೊಗೆಯನ್ನು ನುಂಗದವನು ಪಾರಾದನೆಂಬ ಮಾತು ಇದರಿಂದ ಬಿದ್ದುಹೋಯಿತು. ಬಾಯಿಯಲ್ಲಿಯೇ ಹೀರಲ್ಪಡುವ ಕರಿಯ ಫ್ಲೇಕಿಗೆ ಆ ನೆಪವು ಮೊದಲಿನಿಂದಲೂ ಸಲ್ಲುತ್ತಿರಲಿಲ್ಲ.

ನಮ್ಮ ದೇಶದಲ್ಲಿ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವು ನಿಷಿದ್ಧವಾಯಿತು. ಹೋಟೆಲುಗಳೂ ಕಚೇರಿಗಳೂ ಇದರಲ್ಲಿ ಸೇರಿವೆ. ಈ ನಿಯಮದ ಲಾಭವು ಗಿರಾಕಿಗಿಂತ ಹೆಚ್ಚಾಗಿ ಸೇರುವುದು ಮೇಜು ಒರೆಸುವ ಹುಡುಗನಿಗೆ. ಗಿರಾಕಿ ಅರ್ಧ ಗಂಟೆ ಕುಳಿತು ಹೋಗುತ್ತಾನೆ. ಹುಡುಗನು ಆ ಗಾಳಿಯಲ್ಲಿಯೇ ಹತ್ತು ಹನ್ನೆರಡು ಗಂಟೆ ದುಡಿಯುತ್ತಾನೆ. ಇತರರ ಹೊಗೆಯೂ ಕ್ಯಾನ್ಸರ್‌ಕಾರಕವೆಂಬುದು ಈಗ ಸಿದ್ಧವಾಗಿರುವ ವಿಷಯ. ಗುಮಾಸ್ತೆ ಬಂಧುಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯ ಲೆಕ್ಕ

ಹಾಗಾದರೆ ಕರಿಯ ಫ್ಲೇಕಿಗೆ ಎಷ್ಟು ಅಂಕ? ಕಸಬಿನ ದೃಷ್ಟಿಯಿಂದ ನೋಡಿದರೆ ಅದು ಮೇಲ್ದರ್ಜೆಯ ವಸ್ತು. ಎರಡು ಶತಮಾನಗಳ ಕೈಹದ, ಎಲೆಯನ್ನು ಮುಚ್ಚಿಡದ ಪ್ರಾಮಾಣಿಕತೆ, ಆತುರಗಾರನಿಗೆ ಒಲಿಯದ ರುಚಿ, ಇವೆಲ್ಲ ಅದರಲ್ಲಿವೆ. ಇದನ್ನು ಒಪ್ಪಿಕೊಳ್ಳದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ದೇಹದ ದೃಷ್ಟಿಯಿಂದ ನೋಡಿದರೆ ಅದಕ್ಕೆ ಕೊಡಬಹುದಾದ ಅಂಕವಿಲ್ಲ.

ಈ ಎರಡು ತೀರ್ಪುಗಳೂ ನಮ್ಮ ವಾಚಕರ ಮಟ್ಟಿಗೆ ಒಂದು ಕಡೆ ಸಂಧಿಸುತ್ತವೆ. ಹೊಗೆಯ ಅಭ್ಯಾಸವು ವರ್ಷ ಕಳೆದಂತೆ ಮೂಗನ್ನು ಮೊಂಡಾಗಿಸುತ್ತದೆ; ವಾಸನೆ ಕುಂದಿದರೆ ರುಚಿಯೂ ಕುಂದುತ್ತದೆ. ಕಚೇರಿಯ ದೊಡ್ಡ ಮನುಷ್ಯನಿಗೆ ಇದು ಸಣ್ಣ ನಷ್ಟವಾಗಿರಬಹುದು. ಆದರೆ ಅಡಿಗೆಯ ಭಟ್ಟರಿಗೆ, ಕಾಫಿ ಬೆರೆಸುವವರಿಗೆ, ಚಟ್ನಿಯ ಉಪ್ಪು ಹುಳಿ ನೋಡಿ ಒಪ್ಪಿಗೆ ಕೊಡುವ ಮೇಸ್ತ್ರಿಗೆ ಮೂಗು ನಾಲಗೆಗಳೇ ಬಂಡವಾಳ. ಊರಿನಿಂದ ಬರುವಾಗ ಕೈಚೀಲದ ಹೊರತು ಅವರು ತಂದ ಆಸ್ತಿ ಅದೊಂದೇ; ಅದಕ್ಕೆ ಬ್ಯಾಂಕಿನಲ್ಲಿ ಖಾತೆಯಿಲ್ಲ, ಕಳೆದರೆ ಮರಳಿ ತರುವ ಭರವಸೆಯೂ ಇಲ್ಲ. ಕೆಂಡಲಿನ ಪರೀಕ್ಷಕನ ತಾಳ್ಮೆಯನ್ನೂ ಕ್ರಮವನ್ನೂ ನಾವು ಧಾರಾಳವಾಗಿ ಕಲಿಯಬಹುದು. ಮೊದಲು ಮೂಸಿ, ಬಳಿಕ ಮುಟ್ಟಿ, ಆತುರಪಡದೆ, ಮೊದಲು ನಡು ಕೊನೆಗಳನ್ನು ಬೇರ್ಪಡಿಸಿ ತೀರ್ಪು ಹೇಳುವ ಆ ವಿದ್ಯೆ ನಾಳೆಯ ಬೆಳಗಿನ ಡಿಕಾಕ್ಷನ್ನಿಗೆ ಪೂರ್ತಿ ಒದಗುತ್ತದೆ. ಅದಕ್ಕೆ ಬೆಂಕಿಕಡ್ಡಿ ಬೇಕಾಗಿಲ್ಲ.