ಕಾಡಂಚಿನ ಹೊಲಕ್ಕೆ ಕ್ಯಾಮೆರಾ ಕಾವಲು: ಫೋಟೊಗಿಂತ ಬ್ಯಾಟರಿಯೇ ಮುಖ್ಯ

ತಾಳವಾಡಿ: ಸಂಜೆ ಆರಾದರೆ ಸಾಕು, ಟಾರ್ಚು, ತಮಟೆ, ಪಟಾಕಿ ಹಿಡಿದು ಅಟ್ಟಣೆ ಏರುವುದು ಇಲ್ಲಿನ ಕಾಡಂಚಿನ ರೈತರಿಗೆ ರೂಢಿಯಾಗಿಬಿಟ್ಟಿದೆ. ಕಬ್ಬು, ಬಾಳೆ, ಮುಸುಕಿನ ಜೋಳ, ಎಲೆಕೋಸು... ಫಸಲು ಕೈಗೆ ಬರುವ ಹೊತ್ತಿಗೆ ಕಾಡಾನೆ, ಹಂದಿಗಳೂ ಹಾಜರ್! ರಾತ್ರಿಯೆಲ್ಲ ನಿದ್ದೆಗೆಟ್ಟು ಕಾದವರು ಬೆಳಗಿನ ಜಾವ ಒಂದರ್ಧ ಗಂಟೆ ಕಣ್ಣು ಮುಚ್ಚಿದರೆ, ಅಷ್ಟರಲ್ಲೇ ಬೆಳೆ ನೆಲಸಮ.

ಬೆಳೆ ಹೋದರೆ ಮುಂದಿನ ವರ್ಷ ಬೆಳೆಯಬಹುದು. ಕತ್ತಲಲ್ಲಿ ಎದುರಾದ ಆನೆಗೆ ಸಿಕ್ಕ ಜೀವ ಮರಳುವುದಿಲ್ಲ. ಸತ್ಯಮಂಗಲ ಅರಣ್ಯ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆ ಕಾಡಿಗೆ ಅಂಟಿಕೊಂಡೇ ಇರುವ ತಾಳವಾಡಿ ಸೀಮೆಯವರು 'ಕರುಪ್ಪನ್' ಎಂಬ ಒಂಟಿ ಸಲಗದ ಹಾವಳಿಯನ್ನು ಇನ್ನೂ ಮರೆತಿಲ್ಲ. ಹಲವು ಸಲ ಕೈತಪ್ಪಿದ ಆ ಆನೆಯನ್ನು ಅರಣ್ಯ ಇಲಾಖೆ ಕೊನೆಗೂ ಹಿಡಿದದ್ದು 2023ರ ಏಪ್ರಿಲ್‌ನಲ್ಲಿ.

ಈ ರಾತ್ರಿ ಕಾವಲಿಗೆ ಜೊತೆಯಾಗಬಲ್ಲ ಒಂದು ಸಾಧನ 'ಟ್ರೇಲ್ ಕ್ಯಾಮೆರಾ'. ಮರಕ್ಕೋ ಕಂಬಕ್ಕೋ ಕಟ್ಟಿದರಾಯಿತು. ಮುಂದೆ ಪ್ರಾಣಿ ಹಾದಾಗ ತಾನೇ ಫೋಟೊ ತೆಗೆದು, ಒಳಗಿನ ಸಿಮ್ ಕಾರ್ಡ್ ಮೂಲಕ ಮೊಬೈಲಿಗೆ ಕಳಿಸುತ್ತದೆ. ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವುದು 'ಎಷ್ಟು ಮೆಗಾಪಿಕ್ಸೆಲ್?' ಎಂದು. ಕೇಳಬೇಕಾದದ್ದು ಬೇರೆ: 'ನಮ್ಮ ಹೊಲದಲ್ಲಿ ಟವರ್ ಸಿಗ್ತದಾ? ಬ್ಯಾಟ್ರಿ ಎಷ್ಟು ದಿನ ಬರ್ತದೆ?'

ಬೇಟೆಗಾರರ ಡಬ್ಬಿ

ಈ ಕ್ಯಾಮೆರಾಗಳ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದಲ್ಲಿ. ಅಲ್ಲಿನ ಬೇಟೆಗಾರರು ತಮ್ಮ ಬೇಟೆ ಜಮೀನಿನಲ್ಲಿ ಜಿಂಕೆ ಯಾವ ಜಾಡಿನಲ್ಲಿ, ಯಾವ ಹೊತ್ತಿಗೆ ಬರುತ್ತದೆ ಎಂದು ತಿಳಿಯಲು ಇವನ್ನು ಕಟ್ಟುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತಿಲ್ಲ. ಇಲ್ಲಿ ಇಂಥ ಕ್ಯಾಮೆರಾ ಹೆಸರು ಮಾಡಿದ್ದು ಹುಲಿ ಎಣಿಕೆಯಿಂದ. ನಾಗರಹೊಳೆಯಲ್ಲಿ ಡಾ. ಕೆ. ಉಲ್ಲಾಸ ಕಾರಂತರು ಹುಲಿಯ ಪಟ್ಟೆ ಗುರುತಿಸಿ ಸಂಖ್ಯೆ ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟದ್ದು ಗಿನ್ನೆಸ್ ದಾಖಲೆಗೂ ಸೇರಿತು.

ಆದರೆ ಗಣತಿಯವರಿಗೆ ಅವಸರವಿಲ್ಲ. ಎಷ್ಟೋ ದಿನದ ನಂತರ ಹೋಗಿ ಮೆಮೊರಿ ಕಾರ್ಡ್ ತೆಗೆದು ನೋಡಿದರೂ ನಡೆಯುತ್ತದೆ. ರೈತನಿಗೆ ಸುದ್ದಿ ಬೇಕಾದದ್ದು ಆನೆ ಕಾಲಿಟ್ಟ ಗಳಿಗೆಯಲ್ಲೇ. ಎಲ್ಲ ತೊಡಕೂ ಶುರುವಾಗುವುದು ಅಲ್ಲಿಂದ.

ಮೊದಲು ಟವರ್ ನೋಡಿ

ಅಮೆರಿಕದ ಜಾಲಕ್ಕೆಂದೇ ತಯಾರಾದ 4ಜಿ ಕ್ಯಾಮೆರಾ ಇಲ್ಲಿ ಕಣ್ಣು ಬಿಡದೆಯೂ ಇರಬಹುದು. ಎರಡು ದೇಶಗಳ ಮೊಬೈಲ್ ತರಂಗಗಳು ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಜಿಯೊ ಬಳಸುವುದು ಬ್ಯಾಂಡ್ 3, 5 ಮತ್ತು 40. ಏರ್‌ಟೆಲ್‌ಗೆ 3, 8, 40 ಮುಖ್ಯ. ಡಬ್ಬಿಯ ಮೇಲೆ ಈ ಅಂಕಿಗಳು ಇವೆಯೇ ಎಂದು ನೋಡಿಯೇ ದುಡ್ಡು ಎಣಿಸಬೇಕು. ಅಗ್ಗವೆಂದು ಹಳೆಯ 3ಜಿ ಕ್ಯಾಮೆರಾ ತಂದರೆ ಕಷ್ಟ. ಏರ್‌ಟೆಲ್ 3ಜಿಯನ್ನು 2020ರಲ್ಲೇ ನಿಲ್ಲಿಸಿದೆ. ಕೆಲವು ಕಂಪನಿಗಳ ಕ್ಯಾಮೆರಾ ತಮ್ಮದೇ ಸಿಮ್, ತಮ್ಮದೇ ಮಾಸಿಕ ಚಂದಾ ಇಲ್ಲದೆ ಫೋಟೊ ಕಳಿಸುವುದಿಲ್ಲ. ನಮ್ಮೂರ ಸಿಮ್ ಹಾಕಿ ಅಂಗಡಿಯಲ್ಲೇ ಒಂದು ಫೋಟೊ ಬರಿಸಿಕೊಳ್ಳುವುದು ಜಾಣತನ.

ಕ್ಯಾಮೆರಾ ಕಟ್ಟುವ ಜಾಗಕ್ಕೆ ಎರಡು ಮೂರು ಕಂಪನಿಯ ಫೋನ್ ಒಯ್ದು, ರಾತ್ರಿ ಹೊತ್ತು ಫೋಟೊ ಕಳಿಸಿ ನೋಡಬೇಕು. ಗುಡ್ಡದ ಮರೆಯಲ್ಲಿ ಹತ್ತು ಮಾರು ಅತ್ತಿತ್ತ ಸರಿದರೂ ಸಿಗ್ನಲ್ ಬದಲಾಗುತ್ತದೆ.

ಹಳ್ಳದಲ್ಲಿ ಟವರ್ ಸಿಗದಿದ್ದರೆ? ಅಮೆರಿಕದಲ್ಲಿ ಇದಕ್ಕೊಂದು ಉಪಾಯವಿದೆ. ಹಲವು ಕ್ಯಾಮೆರಾಗಳು ಫೋಟೊವನ್ನು ರೇಡಿಯೊ ಮೂಲಕ ಒಂದರಿಂದ ಒಂದಕ್ಕೆ ದಾಟಿಸಿ, ದಿಬ್ಬದ ಮೇಲಿನ ಒಂದೇ ಸಿಮ್ ಕ್ಯಾಮೆರಾಕ್ಕೆ ತಲುಪಿಸುತ್ತವೆ. ಇಪ್ಪತ್ತು ಕ್ಯಾಮೆರಾಕ್ಕೆ ಒಂದೇ ಸಿಮ್! ಕೇಳಲು ಚೆಂದ. ಆದರೆ ಅಂಥವು ಅಲ್ಲಿ ಸಾಮಾನ್ಯವಾಗಿ ಬಳಸುವುದು 902ರಿಂದ 928 ಮೆಗಾಹರ್ಟ್ಸ್ ಅಲೆಗಳನ್ನು. ಭಾರತದಲ್ಲಿ ಅದು ಮೊಬೈಲ್ ಕಂಪನಿಗಳ ಅಲೆಗಳ ಮೇಲೆಯೇ ಬೀಳುತ್ತದೆ. ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868ರವರೆಗೆ ಮಾತ್ರ. ಪರದೇಶದಿಂದ ತರಿಸಿದ ಸೆಟ್ಟನ್ನು ಹಾಗೇ ಚಾಲೂ ಮಾಡಿದರೆ ಕಾನೂನಿನ ತಕರಾರು ಕಟ್ಟಿಟ್ಟದ್ದು.

ಬ್ಯಾಟರಿ ಲೆಕ್ಕ

ಕಾರ್ಡಿನಲ್ಲಷ್ಟೇ ಫೋಟೊ ಉಳಿಸುವ ಕ್ಯಾಮೆರಾ ಒಂದು ಸೆಟ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ಸಿಮ್ ಸೇರಿದೊಡನೆ ಲೆಕ್ಕ ತಲೆಕೆಳಗು. ಟವರ್ ದೂರವಾದಷ್ಟೂ ಮೋಡೆಮ್ ಜೋರಾಗಿ ಕೂಗಬೇಕು, ಮತ್ತೆ ಮತ್ತೆ ಕೂಗಬೇಕು. ಪ್ರತಿ ಕೂಗಿಗೂ ಕರೆಂಟು.

ಒಂದು ಉದಾಹರಣೆ. ಕ್ಯಾಮೆರಾ, ಮೋಡೆಮ್ ಸೇರಿ ಸರಾಸರಿ 20 ಮಿಲಿಆಂಪಿಯರ್ ಎಳೆಯುತ್ತದೆ ಎನ್ನಿ. ದಿನಕ್ಕೆ 0.48 ಎಎಚ್ ಆಯಿತು. ಪೇಟೆಯಲ್ಲಿ ಸಿಗುವ 12 ವೋಲ್ಟ್ 7 ಎಎಚ್ ಲೆಡ್ ಬ್ಯಾಟರಿ ಹಾಕಿದರೆ ಹದಿನಾಲ್ಕು ದಿನ ಬರಬೇಕಲ್ಲ? ಬರುವುದಿಲ್ಲ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದು ಬೇಗ ಸಾಯುತ್ತದೆ. ಹಾಗಾಗಿ ಕೈಗೆ ಸಿಗುವುದು 3.5 ಎಎಚ್, ಅಂದರೆ ಒಂದು ವಾರ.

ಇದಕ್ಕೆ 5 ವ್ಯಾಟಿನ ಸೋಲಾರ್ ಪ್ಲೇಟು ಸೇರಿಸಿ. ನಾಲ್ಕು ತಾಸು ಒಳ್ಳೆಯ ಬಿಸಿಲಿಗೆ 20 ವ್ಯಾಟ್ ಅವರ್. ಸೋರಿಕೆ ಕಳೆದು ಸುಮಾರು 12 ಉಳಿದರೂ 1 ಎಎಚ್ ತುಂಬುತ್ತದೆ. ಖರ್ಚಿಗಿಂತ ಎರಡು ಪಟ್ಟು, ಚಿಂತೆಯಿಲ್ಲ. ಆದರೆ ಜಡಿಮಳೆಯ ದಿನ? ಒಂದು ತಾಸಿನ ಬಿಸಿಲಿನಷ್ಟೇ ಬೆಳಕು ಸಿಕ್ಕರೆ ತುಂಬುವುದು 0.25 ಎಎಚ್, ಖರ್ಚು ಅದರ ಇಮ್ಮಡಿ. ಎರಡು ವಾರ ಮೋಡ ಕವಿದರೆ ಕ್ಯಾಮೆರಾ ಮಲಗುತ್ತದೆ, ಅದೂ ಹೊಲದಲ್ಲಿ ಹಸಿರು ತುಂಬಿರುವ ಕಾಲದಲ್ಲೇ. 10 ವ್ಯಾಟಿನ ಪ್ಲೇಟಾದರೆ ಅಂಥ ದಿನವೂ ಖರ್ಚು ಸರಿದೂಗುತ್ತದೆ. ಆದ್ದರಿಂದ ಪ್ಲೇಟು ಕೊಳ್ಳುವಾಗ ಬೇಸಿಗೆಯ ಲೆಕ್ಕ ಹಾಕಬಾರದು, ಮಳೆಗಾಲದ ಲೆಕ್ಕ ಹಾಕಬೇಕು.

ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿ ತುಸು ಓರೆಯಾಗಿರಲಿ. ಕ್ಯಾಮೆರಾ ಮರದ ನೆರಳಲ್ಲಿದ್ದರೂ ಪ್ಲೇಟು ಬಿಸಿಲಲ್ಲೇ ಇರಬೇಕು. ನಡುವಿನ ವೈರನ್ನು ಪೈಪಿನೊಳಗೆ ಎಳೆಯದಿದ್ದರೆ ಕೋತಿ, ಇಲಿಗಳಿಗೆ ಹಬ್ಬ.

ಕೆಲವರು 1.2 ವೋಲ್ಟಿನ ರೀಚಾರ್ಜ್ ಸೆಲ್ ಹಾಕುತ್ತಾರೆ. ಎಂಟು ಸೆಲ್ ಸೇರಿದರೂ 9.6 ವೋಲ್ಟ್, 12 ವೋಲ್ಟ್ ನಿರೀಕ್ಷಿಸುವ ಕ್ಯಾಮೆರಾ 'ಬ್ಯಾಟರಿ ಖಾಲಿ' ಎಂದು ಮೊದಲೇ ಕೈಚೆಲ್ಲಬಹುದು. ನೀಲಗಿರಿಯ ಚಳಿಯಲ್ಲಿ ಸಾದಾ ಅಲ್ಕಲೈನ್ ಸೆಲ್ಲೂ ಸೊರಗುತ್ತದೆ. ಅಲ್ಲಿಗೆ ಲಿಥಿಯಂ ಸೆಲ್ ವಾಸಿ.

ಇನ್ನು ಇಪ್ಪತ್ತನಾಲ್ಕು ತಾಸೂ ಲೈವ್ ತೋರಿಸುವ 4ಜಿ ಸಿಸಿಟಿವಿ. ಅದು 5 ವ್ಯಾಟ್ ಎಳೆದರೂ ದಿನಕ್ಕೆ 120 ವ್ಯಾಟ್ ಅವರ್. ಮೇಲೆ ಹೇಳಿದ ಬ್ಯಾಟರಿ ಒಂದು ರಾತ್ರಿಗೂ ಸಾಲದು. ಮನೆಯಂಗಳಕ್ಕೆ ಅದು ಸರಿ, ಕರೆಂಟಿಲ್ಲದ ಹೊಲದ ತುದಿಗಲ್ಲ. ಸೋಲಾರ್ ಬೇಲಿ ಇರುವವರಿಗೆ ಅದರ ಬ್ಯಾಟರಿಗೇ ಕ್ಯಾಮೆರಾ ಸಿಕ್ಕಿಸುವ ಆಸೆಯಾಗುವುದು ಸಹಜ. ಬೇಡ. ಬ್ಯಾಟರಿ ಇಳಿದರೆ ಕ್ಯಾಮೆರಾ ಜೊತೆ ಬೇಲಿಯೂ ಸತ್ತಂತೆ.

ಉಳಿತಾಯಕ್ಕೆ ಸುಲಭ ದಾರಿಯೂ ಉಂಟು. ವಿಡಿಯೊ ಬಿಟ್ಟು ಸಣ್ಣ ಫೋಟೊ ಮಾತ್ರ ಕಳಿಸಲಿ. ಹಗಲೆಲ್ಲ ದನ, ಆಡು, ಆಳುಗಳ ಫೋಟೊ ಯಾರಿಗೆ ಬೇಕು? ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗೆ ಎಂದು ಸಮಯ ಹಾಕಿಬಿಡಬಹುದು. ಒಂದೇ ಎಚ್ಚರ: ಬ್ಯಾಟರಿ ಉಳಿಸಲೆಂದು ದಿನಕ್ಕೆ ಒಂದೆರಡು ಸಲ ಮಾತ್ರ ಫೋಟೊ ಒಟ್ಟಿಗೆ ಕಳಿಸುವಂತೆ ಕೆಲವು ಕ್ಯಾಮೆರಾಗಳನ್ನು ಮೊದಲೇ ಹೊಂದಿಸಿರುತ್ತಾರೆ. ಅದನ್ನು ಬದಲಿಸದಿದ್ದರೆ ರಾತ್ರಿಯ ಆನೆ ಮೊಬೈಲಿಗೆ ಬರುವುದು ಮಧ್ಯಾಹ್ನ ಊಟದ ಹೊತ್ತಿಗೆ!

ಕಟ್ಟುವುದೆಲ್ಲಿ?

ಪ್ರಾಣಿಯ ಮೈಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸ ಚಲಿಸಿದಾಗ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ಸುಡುಬಿಸಿಲಿನಲ್ಲಿ ಅದು ಎಡವುತ್ತದೆ, ರಾತ್ರಿ ತಂಪಿನಲ್ಲಿ ಚುರುಕು. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿದರೆ ಏರುವ, ಇಳಿಯುವ ಸೂರ್ಯನಿಗೇ ಮೋಸಹೋಗುತ್ತದೆ. ಎದುರಿನ ಹುಲ್ಲು, ಲಂಟಾನ ಸವರಿರಬೇಕು.

ಆನೆಗಾದರೆ ಹತ್ತು ಅಡಿ ಎತ್ತರದಲ್ಲಿ, ಕೆಳಮುಖವಾಗಿ, ಕಬ್ಬಿಣದ ಪೆಟ್ಟಿಗೆಯೊಳಗೆ. ಕೈಗೆಟುಕಿದ್ದನ್ನು ಸೊಂಡಿಲು ಬಿಡದು. ಹಂದಿಗೆ ಎರಡಡಿ ಸಾಕು. ಫೋಟೊ ತೆಗೆದು, ಟವರ್ ಹಿಡಿದು, ಮೊಬೈಲಿಗೆ ತಲುಪಲು ಒಂದೆರಡು ನಿಮಿಷ ಹಿಡಿದರೆ ಅಷ್ಟರಲ್ಲಿ ಆನೆ ನೂರೈವತ್ತು ಮೀಟರ್ ನಡೆದಿರುತ್ತದೆ. ಬೆಳೆಯ ಅಂಚಿನಲ್ಲಿ ಕಟ್ಟಿದ ಕ್ಯಾಮೆರಾ ನಷ್ಟದ ಫೋಟೊ ಕೊಡುತ್ತದೆ, ಅಷ್ಟೆ.

ಹಾಗೆಂದು ಕಾಡಿನೊಳಗೆ ನುಗ್ಗಿ ಕಟ್ಟುವಂತಿಲ್ಲ. ಪಟ್ಟಾ ಜಮೀನಿನ ಗಡಿ ದಾಟಿದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ರೇಂಜ್ ಕಚೇರಿಗೆ ಊರವರೆಲ್ಲ ಸೇರಿ ಹೋಗುವುದೇ ಲೇಸು. ಹುಲಿ, ಆನೆಯ ಫೋಟೊವನ್ನು ಜಾಗದ ಹೆಸರಿನೊಂದಿಗೆ ಹತ್ತಾರು ಗುಂಪುಗಳಿಗೆ ಹಂಚಿದರೆ ಅದು ಕಳ್ಳಬೇಟೆಗಾರರಿಗೆ ಕೊಟ್ಟ ವಿಳಾಸ.

ಇನ್ನೊಂದು ಸೂಕ್ಷ್ಮವೂ ಇದೆ. ಕಾರ್ಬೆಟ್ ಕಾಡಿನ ಬಗ್ಗೆ 2024ರಲ್ಲಿ ಪ್ರಕಟವಾದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಸೌದೆಗೆ ಹೋಗುವ ಹೆಂಗಸರು ಕ್ಯಾಮೆರಾಗಳಿಗೆ ಅಂಜಿ ಮಾತು, ಹಾಡು ಕಡಿಮೆ ಮಾಡಿದ್ದನ್ನು ದಾಖಲಿಸಿದೆ. ಸದ್ದಿಲ್ಲದೆ ನಡೆದರೆ ಪ್ರಾಣಿಗೆ ಎದುರಾಗುವ ಭಯ ಹೆಚ್ಚು. ಬಯಲಿಗೆ, ಸೌದೆಗೆ ಹೋಗುವ ದಾರಿಯತ್ತ ಕ್ಯಾಮೆರಾ ತಿರುಗಿಸಬಾರದು. ಎಲ್ಲಿ ಕಟ್ಟಿದೆ ಎಂಬುದು ಊರ ಹೆಂಗಸರಿಗೆ ಮೊದಲೇ ಗೊತ್ತಿರಬೇಕು.

ಫೋಟೊ ಬಂದ ಮೇಲೆ

ಕ್ಯಾಮೆರಾ ಆನೆಯನ್ನು ಓಡಿಸುವುದಿಲ್ಲ. ಬೇಲಿಗೆ ನೇರ ಕರೆಂಟು ಹರಿಸುವ ದುಡುಕಿನ ಫಲವನ್ನು ಗಡಿನಾಡು ಕಂಡಿದೆ; 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಅಂಥ ಬೇಲಿಗೆ ಮೂರು ಆನೆಗಳು ಬಲಿಯಾದವು, ಎರಡು ಮರಿಗಳು ತಬ್ಬಲಿಯಾದವು. ಮುನ್ನೆಚ್ಚರಿಕೆ ಹೇಗೆ ಜೀವ ಉಳಿಸುತ್ತದೆ ಎಂಬುದಕ್ಕೆ ವಾಲ್ಪಾರೈ ಚಹಾ ತೋಟಗಳತ್ತ ನೋಡಬೇಕು. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ 2011ರಲ್ಲಿ ಆನೆ ಇರುವ ಜಾಗದ ಸುದ್ದಿಯನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸಲಾರಂಭಿಸಿತು. ದಾರಿಬದಿಯ ಕೆಂಪು ದೀಪವನ್ನು ಮೊಬೈಲಿನಿಂದಲೇ ಹೊತ್ತಿಸುವ ಏರ್ಪಾಡೂ ಆಯಿತು. ದೀಪ ಕಂಡವರು ಆ ದಾರಿ ಬಿಡುತ್ತಾರೆ.

ಇಲ್ಲೂ ಒಬ್ಬರ ಫೋನಿಗೆ ಮಾತ್ರ ಫೋಟೊ ಬಂದರೆ, ಅವರು ನಿದ್ದೆಹೋದ ರಾತ್ರಿ ಕ್ಯಾಮೆರಾ ಇದ್ದೂ ಇಲ್ಲದಂತೆ. ಅಕ್ಕಪಕ್ಕದ ನಾಲ್ಕೈದು ಹೊಲದವರು ಕೂಡಿ ಎರಡು ಕ್ಯಾಮೆರಾ ಕೊಂಡು, ಎಲ್ಲರ ಫೋನಿಗೂ ಸುದ್ದಿ ಬರುವಂತೆ ಮಾಡಿಕೊಂಡು, ರಾತ್ರಿ ಪಾಳಿ ಹಂಚಿಕೊಳ್ಳುವುದು ಖರ್ಚಿಗೂ ಹಗುರ. ಅರಣ್ಯ ಇಲಾಖೆಯ ಆನೆ ಕಾವಲು ಪಡೆಯ ನಂಬರೂ ಅದೇ ಫೋನುಗಳಲ್ಲಿರಲಿ. ಹದಿನೈದು ದಿನಕ್ಕೊಮ್ಮೆ ಯಾರಾದರೂ ಹೋಗಿ ಪ್ಲೇಟಿನ ಧೂಳು ಒರೆಸಿ, ಪೆಟ್ಟಿಗೆಯೊಳಗಿನ ಇರುವೆಗೂಡು ತೆಗೆದು, ಸಿಮ್ಮಿನ ರೀಚಾರ್ಜ್ ಮುಗಿಯುವ ತಾರೀಕು ನೋಡಿಕೊಂಡು ಬರಬೇಕು.