ಅಂಗಡಿಗೆ ವಾಟ್ಸಾಪ್ ಬಾಟ್ ಬೇಕಾ? ದುಡ್ಡು ಕೊಡೋ ಮುಂಚೆ ಇಷ್ಟು ತಿಳ್ಕೊಳ್ಳಿ

ದಾವಣಗೆರೆ: ‘ಹತ್ತು ಸಾವಿರ ಜನಕ್ಕೆ ಒಂದೇ ಕ್ಲಿಕ್‌ನಲ್ಲಿ ಮೆಸೇಜ್, ಗಿರಾಕಿ ಏನೇ ಕೇಳಿದ್ರೂ ತಾನೇ ಉತ್ತರ ಕೊಡೋ ಬಾಟ್’ ಅಂತ ಸಾಫ್ಟ್‌ವೇರ್ ಮಾರುವವರ ಫೋನ್ ಬರದ ವ್ಯಾಪಾರಿ ಈಗ ಕಡಿಮೆ. ಮಂಡಿಪೇಟೆಯ ಬಟ್ಟೆ ಅಂಗಡಿಯೇ ಇರಲಿ, ಪಿ.ಜೆ. ಬಡಾವಣೆಯ ಕ್ಲಿನಿಕ್ ಇರಲಿ, ಹರಿಹರದ ಟ್ಯೂಷನ್ ಸೆಂಟರ್ ಇರಲಿ, ಎಲ್ಲರಿಗೂ ಒಂದೇ ಪ್ಯಾಕೇಜ್ ತೋರಿಸ್ತಾರೆ. ಆದರೆ ಎಲ್ಲರ ಅಗತ್ಯ ಒಂದೇ ಅಲ್ಲ. ತಪ್ಪು ಆಯ್ಕೆ ಮಾಡಿದರೆ ದುಡ್ಡಷ್ಟೇ ಅಲ್ಲ, ಅಂಗಡಿ ಬೋರ್ಡ್ ಮೇಲೆ ಬರೆಸಿರೋ ನಂಬರೇ ಕೈಬಿಡಬಹುದು.

ಮೊದಲು ಒಂದು ವಾರ ಲೆಕ್ಕ ಹಾಕಿ

ದಿನಕ್ಕೆ ಎಷ್ಟು ಮೆಸೇಜ್ ಬರ್ತವೆ, ಅದರಲ್ಲಿ ‘ಅಂಗಡಿ ಎಷ್ಟೊತ್ತಿಗೆ ತೆಗೀತೀರಿ’, ‘ಡಾಕ್ಟ್ರು ಇದಾರಾ’, ‘ರೇಟ್ ಎಷ್ಟು’ ಅನ್ನೋ ಮಾಮೂಲಿ ಪ್ರಶ್ನೆ ಎಷ್ಟು ಅಂತ ಒಂದು ವಾರ ಬರೆದಿಡಿ. ದಿನಕ್ಕೆ 20–30 ಮೆಸೇಜ್ ಆದರೆ ಬಾಟ್ ಬೇಕಾಗಿಲ್ಲ. 2018ರ ಜನವರಿಯಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು, ಅದು ಪುಕ್ಕಟೆ. ಗಿರಾಕಿ ಮೊದಲ ಸಲ ಬಂದಾಗ ಸ್ವಾಗತದ ಮೆಸೇಜ್, ಅಂಗಡಿ ಮುಚ್ಚಿದಾಗ ತಾನಾಗೇ ಹೋಗೋ ಉತ್ತರ, ಮೊದಲೇ ಬರೆದಿಟ್ಟ ಉತ್ತರಗಳು, ಸಾಮಾನಿನ ಫೋಟೊ–ಬೆಲೆಯ ಕ್ಯಾಟಲಾಗ್ ಎಲ್ಲಾ ಅದರಲ್ಲೇ ಇವೆ. ಒಂದು ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರನ್ನ ಸೇರಿಸಬಹುದು. ಒಂದೇ ಷರತ್ತು, ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ಅದು ತಲುಪುತ್ತೆ.

ಎಪಿಐ ಯಾರಿಗೆ?

ನೂರಾರು ಮೆಸೇಜ್ ಬರ್ತಿದ್ದರೆ, ನಾಲ್ಕೈದು ಸಿಬ್ಬಂದಿ ಒಂದೇ ನಂಬರ್‌ನಿಂದ ಉತ್ತರಿಸಬೇಕಿದ್ದರೆ, ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಜೋಡಿಸಬೇಕಿದ್ದರೆ ಮಾತ್ರ ವಾಟ್ಸಾಪ್ ಎಪಿಐ. ನಿಜವಾದ ಬಾಟ್ ಕೂರೋದು ಇಲ್ಲೇ. ಇದರ ನಿಯಮ ಹೀಗಿದೆ: ಗಿರಾಕಿ ಮೆಸೇಜ್ ಮಾಡಿದ 24 ಗಂಟೆಯೊಳಗೆ ನೀವು ಏನು ಬೇಕಾದರೂ ಉತ್ತರಿಸಬಹುದು, ಆ ಉತ್ತರಕ್ಕೆ ಮೆಟಾ ದುಡ್ಡು ಹಾಕಲ್ಲ. 24 ಗಂಟೆ ದಾಟಿದ ಮೇಲೆ, ಅಥವಾ ನೀವಾಗೇ ಮೊದಲು ಕಳಿಸೋದಾದರೆ, ಮುಂಚೆಯೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಬೇಕು. ಆಫರ್, ಜಾಹೀರಾತಿನ ಪ್ರತಿ ಮೆಸೇಜಿಗೂ ಶುಲ್ಕ ಬೀಳುತ್ತೆ. 2025ರ ಜುಲೈನಿಂದ ಲೆಕ್ಕ ಮೆಸೇಜಿಗೆ ಇಷ್ಟು ಅಂತಾಗಿದೆ. ಮಧ್ಯದ ಕಂಪನಿಯ ತಿಂಗಳ ಬಾಡಿಗೆ ಬೇರೆ. ಗಿರಾಕಿಯ ಒಪ್ಪಿಗೆ ಇಲ್ಲದೆ ಕಳಿಸುವಂತೆಯೂ ಇಲ್ಲ.

ಬಾಟ್ ಹಾಕಿಸೋದೇ ಆದರೆ ಬಟನ್ ಇರೋದನ್ನ ಹಾಕಿಸಿ. ನಮ್ಮ ಕಡೆ ಗಿರಾಕಿಗಳಲ್ಲಿ ಎಷ್ಟೋ ಜನ ಟೈಪ್ ಮಾಡಲ್ಲ, ವಾಯ್ಸ್ ಕಳಿಸ್ತಾರೆ. ಟೈಪ್ ಮಾಡಿದರೂ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೀತಾರೆ. ಸಾಧಾರಣ ಬಾಟ್‌ಗೆ ಅದು ತಲೆಗೆ ಹೋಗಲ್ಲ. ಬೆಂಗಳೂರಿನ ನಮ್ಮ ಮೆಟ್ರೊ 2022ರ ನವೆಂಬರ್‌ನಿಂದ ವಾಟ್ಸಾಪ್‌ನಲ್ಲೇ ಟಿಕೆಟ್ ಕೊಡ್ತಿದೆ. ಅಲ್ಲಿ ಪ್ರಯಾಣಿಕರು ಪಟ್ಟಿಯಿಂದ ಆರಿಸಿಕೊಂಡು ಮುಂದೆ ಹೋಗ್ತಾರೆ. ವಾಟ್ಸಾಪ್‌ನಲ್ಲಿ ಒಂದು ಮೆಸೇಜಿಗೆ 3 ಬಟನ್, ಇಲ್ಲವೇ 10 ಆಯ್ಕೆಯ ಪಟ್ಟಿ ಕೊಡಬಹುದು. ಅದರಲ್ಲಿ ಒಂದು ಆಯ್ಕೆ ‘ಅಂಗಡಿಯವರ ಜೊತೆ ಮಾತಾಡಬೇಕು’ ಅಂತ ಇರಲೇಬೇಕು.

ಎಸ್ಎಂಎಸ್, ಟೆಲಿಗ್ರಾಂ

ಕೀಪ್ಯಾಡ್ ಫೋನ್ ಇಟ್ಟುಕೊಂಡ ಹಿರಿಯರಿಗೂ, ನೆಟ್ ಸಿಗದ ಹಳ್ಳಿಗೂ ತಲುಪೋದು ಎಸ್ಎಂಎಸ್ ಮಾತ್ರ. ಕ್ಲಿನಿಕ್‌ನ ಅಪಾಯಿಂಟ್‌ಮೆಂಟ್, ಸೊಸೈಟಿಯ ಸಾಲದ ಕಂತಿನ ನೆನಪೋಲೆಗೆ ಇದೇ ಸರಿ. ಆದರೆ ಟ್ರಾಯ್ ನಿಯಮದ ಪ್ರಕಾರ ಜಿಯೊ, ಏರ್‌ಟೆಲ್, ಬಿಎಸ್ಎನ್ಎಲ್ ಮುಂತಾದ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು, ಕಳಿಸುವವರ ಹೆಡರ್, ಮೆಸೇಜಿನ ಟೆಂಪ್ಲೇಟ್ ಮೂರನ್ನೂ ನೋಂದಾಯಿಸಬೇಕು. 2025ರಿಂದ ಹೆಡರ್ ಕೊನೆಗೆ ‘ಪಿ’ ಇದ್ದರೆ ಪ್ರಚಾರ, ‘ಎಸ್’ ಇದ್ದರೆ ಸೇವೆ, ‘ಟಿ’ ಇದ್ದರೆ ವ್ಯವಹಾರ, ‘ಜಿ’ ಇದ್ದರೆ ಸರ್ಕಾರಿ ಅಂತ ಗುರುತು ಬಂದಿದೆ.

ಟೆಲಿಗ್ರಾಂನಲ್ಲಿ ಬಾಟ್ ಮಾಡೋಕೆ ಶುಲ್ಕ ಇಲ್ಲ, ಚಾನೆಲ್‌ಗೆ ಎಷ್ಟು ಲಕ್ಷ ಜನ ಸೇರಿದರೂ ಮಿತಿ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರ್‌ಗೆ ಹೇಳಿ ಮಾಡಿಸಿದ ಹಾಗಿದೆ, ಯಾಕಂದ್ರೆ ವಿದ್ಯಾರ್ಥಿಗಳು ಆಗಲೇ ಅಲ್ಲಿದ್ದಾರೆ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ದಿನದ ರೇಟ್ ಕಳಿಸೋರು ಮಾತ್ರ ರೈತರ ಫೋನ್‌ನಲ್ಲಿ ಟೆಲಿಗ್ರಾಂ ಇದೆಯಾ ಅಂತ ಮೊದಲು ಕೇಳಬೇಕು. ಗಿರಾಕಿ ಇಲ್ಲದ ಕಡೆ ಪುಕ್ಕಟೆ ಬಾಟ್ ಇಟ್ಟು ಉಪಯೋಗ ಇಲ್ಲ.

ಅಗ್ಗದ ಸಾಫ್ಟ್‌ವೇರ್‌ನ ಉರುಳು

‘ಟೆಂಪ್ಲೇಟ್ ಬೇಡ, ಮೆಟಾಗೆ ದುಡ್ಡು ಕಟ್ಟೋದು ಬೇಡ, ವರ್ಷಕ್ಕೆ ಒಂದೇ ಸಲ ಕೊಡಿ, ಎಷ್ಟು ಬೇಕಾದರೂ ಕಳಿಸಿ’ ಅಂದರೆ ಅದು ಅಧಿಕೃತ ಎಪಿಐ ಅಲ್ಲ ಅಂತಲೇ ತಿಳೀರಿ. ನಿಮ್ಮದೇ ವಾಟ್ಸಾಪ್ ಖಾತೆಯನ್ನ ಒಂದು ಪ್ರೋಗ್ರಾಂ ಕೈಗೆ ಕೊಟ್ಟು ಸಾಲಾಗಿ ಮೆಸೇಜ್ ಉದುರಿಸ್ತಾರೆ. ಇದು ವಾಟ್ಸಾಪ್ ನಿಯಮಕ್ಕೆ ವಿರುದ್ಧ. ಭಾರತದಲ್ಲಿ ಪ್ರತಿ ತಿಂಗಳು ಲಕ್ಷಗಟ್ಟಲೆ ಖಾತೆ ಬ್ಯಾನ್ ಮಾಡ್ತಿರೋದಾಗಿ ಕಂಪನಿಯೇ ತನ್ನ ವರದಿಗಳಲ್ಲಿ ಹೇಳಿದೆ. ನಾಲ್ಕು ಜನ ‘ಸ್ಪ್ಯಾಮ್’ ಅಂತ ರಿಪೋರ್ಟ್ ಒತ್ತಿದರೆ ಅಪಾಯ ಇನ್ನೂ ಹೆಚ್ಚು. ಬ್ಯಾನ್ ಆದರೆ ಆಗೋದು ನಿಮ್ಮ ನಂಬರ್, ಸಾಫ್ಟ್‌ವೇರ್ ಮಾರಿದವನದ್ದಲ್ಲ. ಹಬ್ಬದ ವಾರ, ಮದುವೆ ಸೀಸನ್‌ನಲ್ಲಿ ಹೀಗಾದರೆ ಗಿರಾಕಿ ಮೆಸೇಜ್ ಮಾಡಿ ಉತ್ತರ ಸಿಗದೆ ಪಕ್ಕದ ಅಂಗಡಿಗೆ ಹೋಗ್ತಾರೆ.

ಸಹಿ ಹಾಕೋ ಮುಂಚೆ

ಮೂರು ವಿಷಯ ಬರಹದಲ್ಲಿ ತಗೊಳ್ಳಿ. ಮೆಟಾ ಬಿಸಿನೆಸ್ ಖಾತೆ ಯಾರ ಹೆಸರಲ್ಲಿ ಇರುತ್ತೆ? ನಿಮ್ಮ ಹೆಸರಲ್ಲೇ ಇರಬೇಕು, ಏಜೆನ್ಸಿ ಹೆಸರಲ್ಲಿ ಬೇಡ. ಹಳೇ ನಂಬರ್ ಎಪಿಐಗೆ ಹಾಕಿದ ಮೇಲೆ ಮೊಬೈಲ್ ಆ್ಯಪ್‌ನಲ್ಲೂ ಅದು ನಡೆಯುತ್ತಾ? ಒಪ್ಪಂದ ಮುಗಿದ ಮೇಲೆ ಗಿರಾಕಿಗಳ ಪಟ್ಟಿ ನಿಮಗೆ ವಾಪಸ್ ಸಿಗುತ್ತಾ?

ಯಾವುದನ್ನ ಆರಿಸಿದರೂ ಗಿರಾಕಿಗಳ ಹೆಸರು, ನಂಬರ್, ಒಪ್ಪಿಗೆ ಕೊಟ್ಟ ತಾರೀಖು ನಿಮ್ಮದೇ ಪುಸ್ತಕದಲ್ಲೋ ಎಕ್ಸೆಲ್‌ನಲ್ಲೋ ಇರಲಿ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು 6 ಗಂಟೆ ಒಟ್ಟಿಗೆ ನಿಂತಿದ್ದವು. ಆವತ್ತು ಪಟ್ಟಿ ಕೈಯಲ್ಲಿದ್ದವರು ಫೋನ್ ಮಾಡಿಯೋ ಎಸ್ಎಂಎಸ್ ಕಳಿಸಿಯೋ ಕೆಲಸ ನಡೆಸಬಹುದಿತ್ತು. ಆ್ಯಪ್ ನಾಳೆ ಬದಲಾಗಬಹುದು, ದರ ಏರಬಹುದು. ಪಟ್ಟಿ ನಿಮ್ಮ ಹತ್ತಿರ ಇದ್ದರೆ ವ್ಯಾಪಾರ ನಿಲ್ಲಲ್ಲ.